ಪೆಂಬರ್ಲಿಯ ಕಥೆ ಮುಂದುವರಿದ ಬಗೆ: ಜೇನ್ ಆಸ್ಟೆನ್ ನಂತರದ ಆಸ್ಟೆನ್ ಕಾದಂಬರಿಗಳು

ಮೇರಿ ಬೆನೆಟ್‌ಗೆ ಕೊನೆಗೂ ಮದುವೆಯಾಯಿತೇ? ‘ಪ್ರೈಡ್ ಅಂಡ್ ಪ್ರಿಜುಡಿಸ್’ ಓದಿ ಮುಗಿಸಿದ ಎಷ್ಟೋ ಜನರಿಗೆ ಉಳಿಯುವ ಈ ಪ್ರಶ್ನೆಗೆ ಜೇನ್ ಆಸ್ಟೆನ್ ತಾವೇ ಉತ್ತರ ಹೇಳಿದ್ದರು. ಪುಸ್ತಕದಲ್ಲಲ್ಲ, ಮನೆಯವರ ಹತ್ತಿರ. ಮೇರಿಗೆ ಸಿಕ್ಕಿದ್ದು ಫಿಲಿಪ್ಸ್ ಚಿಕ್ಕಪ್ಪನ ಕಚೇರಿಯ ಗುಮಾಸ್ತ. ಅವಳ ತಂಗಿ ಕಿಟ್ಟಿ ಮದುವೆಯಾದದ್ದು ನಾಯಕ ಡಾರ್ಸಿಯ ಎಸ್ಟೇಟ್ ಪೆಂಬರ್ಲಿ ಸಮೀಪದ ಒಬ್ಬ ಪಾದ್ರಿಯನ್ನು. ‘ಎಮ್ಮಾ’ ಕಾದಂಬರಿಯ ವುಡ್‌ಹೌಸ್, ಮಗಳು ಎಮ್ಮಾ ನೈಟ್ಲಿಯನ್ನು ಮದುವೆಯಾದ ಮೇಲೆ ಎರಡು ವರ್ಷ ಬದುಕಿದ್ದರು. ಅಷ್ಟು ದಿನವೂ ನೈಟ್ಲಿ ದಂಪತಿ ತಮ್ಮ ಮನೆ ಡಾನ್‌ವೆಲ್‌ಗೆ ಹೋಗಿ ಸಂಸಾರ ಹೂಡಲಾಗಲಿಲ್ಲ. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನಲ್ಲಿ ಮಿಸೆಸ್ ನಾರಿಸ್ ವಿಲಿಯಂ ಪ್ರೈಸ್‌ಗೆ ಕೊಟ್ಟ ‘ದೊಡ್ಡ ಮೊತ್ತ’ ಒಂದೇ ಒಂದು ಪೌಂಡ್. ಆಸ್ಟೆನ್ ಅವರ ಅಣ್ಣನ ಮಗ ಜೇಮ್ಸ್ ಎಡ್ವರ್ಡ್ ಆಸ್ಟೆನ್-ಲೀ 1869ರ ಕೊನೆಯಲ್ಲಿ ಹೊರತಂದ ಜೀವನಚರಿತ್ರೆಯಲ್ಲಿ ಇವೆಲ್ಲ ದಾಖಲಾಗಿವೆ. ಆಸ್ಟೆನ್ ಪಾತ್ರಗಳ ಮುಂದಿನ ಬದುಕನ್ನು ಕಲ್ಪಿಸುವ ಗೀಳನ್ನು ಇಂಟರ್ನೆಟ್ ಕಾಲದ ಹುಚ್ಚು ಎಂದು ಮೂಗು ಮುರಿಯುವವರು ಈ ಪುಟಗಳನ್ನು ಓದಬೇಕು. ಅದು ಶುರುವಾದದ್ದು ಲೇಖಕಿಯ ಮನೆಯಲ್ಲೇ.

ಮೊದಲ ಮುಂದುವರಿಕೆ ಬರೆದವರೂ ಮನೆಯವರೇ. ಸುಮಾರು 1804ರಲ್ಲಿ ಆಸ್ಟೆನ್ ಅರ್ಧಕ್ಕೆ ಕೈಬಿಟ್ಟ ‘ದಿ ವಾಟ್ಸನ್ಸ್’ ಕಥೆಯ ಉಳಿದ ಭಾಗ ಹೇಗೆ ಸಾಗಬೇಕಿತ್ತು ಎಂಬುದನ್ನು ಅಕ್ಕ ಕ್ಯಾಸಂಡ್ರಾ ಸೋದರರ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದರು. ಆಸ್ಟೆನ್ ತೀರಿಕೊಂಡ ಮರುವರ್ಷ, 1818ರಲ್ಲಿ, ಹುಟ್ಟಿದ ಸೋದರನ ಮಗಳು ಕ್ಯಾಥರೀನ್ ಹಬ್ಬಕ್ ಆ ಎಳೆ ಹಿಡಿದು 1850ರಲ್ಲಿ ‘ದಿ ಯಂಗರ್ ಸಿಸ್ಟರ್’ ಎಂಬ ಮೂರು ಸಂಪುಟಗಳ ಕಾದಂಬರಿ ಪ್ರಕಟಿಸಿದರು. ಗಂಡನ ಮನೋರೋಗದಿಂದ ಸಂಸಾರದ ಭಾರ ಅವರ ಮೇಲೆ ಬಿದ್ದಿತ್ತು, ಬರವಣಿಗೆ ಆದಾಯದ ದಾರಿಯಾಗಿತ್ತು. ಆಸ್ಟೆನ್ ಬರೆದ ಮೂಲ ಭಾಗ ಅಚ್ಚಾದದ್ದು 1871ರಲ್ಲಿ. ಅಂದರೆ ಇಲ್ಲಿ ಮೂಲಕ್ಕಿಂತ ಮುಂದುವರಿಕೆಯೇ ಇಪ್ಪತ್ತೊಂದು ವರ್ಷ ಮೊದಲು ಓದುಗರ ಕೈ ಸೇರಿತು. 1817ರ ಮಾರ್ಚ್‌ನಲ್ಲಿ, ಸಾವಿಗೆ ನಾಲ್ಕು ತಿಂಗಳ ಮುಂಚೆ, ಹನ್ನೆರಡನೇ ಅಧ್ಯಾಯಕ್ಕೆ ನಿಂತುಹೋದ ‘ಸ್ಯಾಂಡಿಟನ್’ ಅನ್ನು ಮುಗಿಸಲು ಇನ್ನೊಬ್ಬ ಸೋದರನ ಮಗಳು ಅನ್ನಾ ಲೆಫ್ರಾಯ್ ಪ್ರಯತ್ನಿಸಿದರು. ಅದೂ ಅಪೂರ್ಣವಾಗಿಯೇ ಉಳಿಯಿತು.

ಕುಟುಂಬದ ಹೊರಗಿನವರಲ್ಲಿ ಮೊದಲ ಹೆಸರು ಸಿಬಿಲ್ ಬ್ರಿಂಟನ್. 1913ರ ‘ಓಲ್ಡ್ ಫ್ರೆಂಡ್ಸ್ ಅಂಡ್ ನ್ಯೂ ಫ್ಯಾನ್ಸೀಸ್’ನಲ್ಲಿ ಅವರು ಆರೂ ಕಾದಂಬರಿಗಳ ಪಾತ್ರಗಳನ್ನು ಒಂದೇ ಕಥೆಗೆ ತಂದು ಪರಸ್ಪರ ನೆಂಟಸ್ತಿಕೆ ಕುದುರಿಸಿದರು. ಡಾರ್ಸಿಯ ತಂಗಿ ಜಾರ್ಜಿಯಾನಾಳಿಗೆ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ವಿಲಿಯಂ ಪ್ರೈಸ್‌ನನ್ನು ಜೋಡಿಸಿದ್ದು ಅವರೇ. ಇಂದು ಕ್ರಾಸೋವರ್ ಎನ್ನುವ ಬಗೆ ಇದೇ. ಇದಕ್ಕೆಲ್ಲ ಯಾರ ಅನುಮತಿಯೂ ಬೇಕಿರಲಿಲ್ಲ, ಏಕೆಂದರೆ ಆಗಿನ ಬ್ರಿಟಿಷ್ ಕಾಯ್ದೆಯ ಪ್ರಕಾರ ‘ಪ್ರೈಡ್ ಅಂಡ್ ಪ್ರಿಜುಡಿಸ್’ನ ಹಕ್ಕುಸ್ವಾಮ್ಯ 1840ರ ದಶಕದ ಹೊತ್ತಿಗೇ ಮುಗಿದಿತ್ತು. ಆದರೆ ಹೊಸದಾಗಿ ಬರೆಯುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು: ಮುಕ್ತವಾಗಿರುವುದು ಆಸ್ಟೆನ್ ಬರೆದದ್ದು ಮಾತ್ರ. ಡಾರ್ಸಿ ಕೊಳಕ್ಕೆ ಧುಮುಕಿ ಒದ್ದೆ ಅಂಗಿಯಲ್ಲಿ ನಾಯಕಿ ಎಲಿಜಬೆತ್‌ಗೆ ಎದುರಾಗುವ ದೃಶ್ಯ ಕಾದಂಬರಿಯಲ್ಲೇ ಇಲ್ಲ, ಅದು 1995ರ ಬಿಬಿಸಿ ಧಾರಾವಾಹಿಯ ಸೃಷ್ಟಿ.

ಆ ಆರು ಕಂತುಗಳ ಧಾರಾವಾಹಿ ಬಂದದ್ದೂ ಇಂಟರ್ನೆಟ್ ಮನೆಮನೆಗೆ ತಲುಪತೊಡಗಿದ್ದೂ ಒಂದೇ ಸಮಯದಲ್ಲಿ. ಅಲ್ಲಿಂದ ಬರಹದ ಸ್ವರೂಪವೇ ಬದಲಾಯಿತು. ಅದುವರೆಗೆ ಬರೆದವರು ಹೆಚ್ಚಾಗಿ ‘ಮದುವೆಯ ನಂತರ ಏನಾಯಿತು’ ಎಂದು ಕೇಳಿದ್ದರು. ಹೊಸಬರು ಕಾದಂಬರಿಯ ಒಳಗೇ ಹೊಕ್ಕರು. ಅದಕ್ಕೆ ಕಾರಣ ಆಸ್ಟೆನ್ ಕಥನದ ಕಟ್ಟಡದಲ್ಲೇ ಇದೆ. ಕಥೆ ಬಹುಪಾಲು ಎಲಿಜಬೆತ್ ಕಣ್ಣಿನಲ್ಲೇ ಸಾಗುತ್ತದೆ. ನವೆಂಬರ್ 26ರ ನೆದರ್‌ಫೀಲ್ಡ್ ನೃತ್ಯಕೂಟದ ನಂತರ ಊರು ಬಿಟ್ಟ ಡಾರ್ಸಿ ಮತ್ತೆ ಕಾಣಿಸುವುದು ಈಸ್ಟರ್ ಹೊತ್ತಿಗೆ, ಕೆಂಟ್‌ನಲ್ಲಿ. ತಿರಸ್ಕೃತನಾಗಿ ಹೊರಟವನು ಬೇಸಿಗೆಯಲ್ಲಿ ಪೆಂಬರ್ಲಿಯಲ್ಲಿ ಎದುರಾಗುವಷ್ಟರಲ್ಲಿ ಬೇರೆಯೇ ಮನುಷ್ಯನಾಗಿರುತ್ತಾನೆ. ಆ ತಿಂಗಳುಗಳಲ್ಲಿ ಅವನೊಳಗೆ ಏನಾಯಿತೆಂದು ಲೇಖಕಿ ತೋರಿಸುವುದಿಲ್ಲ. ಪಮೇಲಾ ಏಡನ್ 2003ರಿಂದ ಪ್ರಕಟಿಸಿದ ಮೂರು ಸಂಪುಟಗಳ ಕಥೆ ನಿಂತಿರುವುದು ಇದೇ ಖಾಲಿ ಜಾಗದ ಮೇಲೆ.

ಇಂದು ಅತಿ ಹೆಚ್ಚು ಬರೆಯಲ್ಪಡುವ ಬಗೆ ವೇರಿಯೇಷನ್. ಮೂಲದ ಒಂದು ಘಟನೆಯನ್ನು ಬದಲಿಸುವುದು, ಉಳಿದದ್ದು ಅದರ ಫಲವಾಗಿ ಬದಲಾಗಲು ಬಿಡುವುದು. ಕವಲೊಡೆಯಲು ಹೇಳಿಮಾಡಿಸಿದ ಜಾಗಗಳಿವೆ: 3ನೇ ಅಧ್ಯಾಯದಲ್ಲಿ ಡಾರ್ಸಿ ಆಡಿದ ಅವಮಾನದ ಮಾತು, 34ರ ಮೊದಲ ಮದುವೆ ಪ್ರಸ್ತಾಪ, 35ರ ಪತ್ರ, 46ರಲ್ಲಿ ಎಲಿಜಬೆತ್‌ಳ ಕೊನೆಯ ತಂಗಿ ಲಿಡಿಯಾ ವಿಕಮ್ ಜೊತೆ ಓಡಿಹೋದ ಸುದ್ದಿ. ಒಂದೇ ಕಡೆ ಬದಲಿಸಬೇಕು, ಎರಡು ಕಡೆ ಕೈ ಹಾಕಿದರೆ ಯಾವುದರಿಂದ ಯಾವುದು ಆಯಿತೆಂದು ಓದುಗರಿಗೆ ತಿಳಿಯದೆ ಕಥೆ ಸಡಿಲವಾಗುತ್ತದೆ. ಪತ್ರ ಎಲಿಜಬೆತ್ ಕೈ ಸೇರಲಿಲ್ಲ ಎಂದಿಟ್ಟುಕೊಳ್ಳಿ. ಮೋಸಗಾರ ಸೇನಾಧಿಕಾರಿ ವಿಕಮ್‌ನ ನಿಜರೂಪ ಅವಳಿಗೆ ತಿಳಿಯುವುದಿಲ್ಲ, ಡಾರ್ಸಿಯ ಬಗ್ಗೆ ಮನಸ್ಸು ಕರಗಲು ಕಾರಣವಿರುವುದಿಲ್ಲ, ಪೆಂಬರ್ಲಿ ನೋಡಲು ಹೋಗುವಾಗಿನ ಭಾವವೂ ಬೇರೆಯಾಗುತ್ತದೆ. ಇಷ್ಟನ್ನೂ ನಿಭಾಯಿಸಿದವರ ಕಥೆ ಮಾತ್ರ ನಿಲ್ಲುತ್ತದೆ.

ಹೆಚ್ಚಿನವರು ಎಡವುವುದು ಭಾಷೆಯಲ್ಲಲ್ಲ, ಕಾನೂನು ಮತ್ತು ಹಣದಲ್ಲಿ. ಎಲಿಜಬೆತ್, ಡಾರ್ಸಿ ಇಬ್ಬರೇ ಒಟ್ಟಿಗೆ ಸಿಕ್ಕಿಬಿದ್ದು ಮಾನ ಉಳಿಸಲು ಮದುವೆಯಾಗುವ ಕಥೆಗಳು ನೂರಾರು. ಮರುದಿನವೇ ಚರ್ಚಿನಲ್ಲಿ ನಿಲ್ಲಿಸಿಬಿಡುತ್ತಾರೆ. ಆಗ ಇದ್ದ ದಾರಿ ಮೂರು: ಮೂರು ಭಾನುವಾರ ಚರ್ಚಿನಲ್ಲಿ ಮದುವೆಯ ಘೋಷಣೆ, ಬಿಷಪ್‌ ಕಡೆಯಿಂದ ಸಾಮಾನ್ಯ ಲೈಸೆನ್ಸ್, ಇಲ್ಲವೇ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮಾತ್ರ ಕೊಡಬಲ್ಲ ವಿಶೇಷ ಲೈಸೆನ್ಸ್. 1753ರ ಕಾಯ್ದೆಯಂತೆ 21 ತುಂಬದವರು ಲೈಸೆನ್ಸ್ ಮೇಲೆ ಮದುವೆಯಾಗಲು ತಂದೆಯ ಒಪ್ಪಿಗೆ ಬೇಕು, ಎಲಿಜಬೆತ್‌ಗೆ ಇನ್ನೂ 20. ಓಡಿಹೋದವರು ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್ ದಾರಿ ಹಿಡಿಯುತ್ತಿದ್ದದ್ದು ಈ ಕಾಯ್ದೆ ಅಲ್ಲಿ ನಡೆಯುತ್ತಿರಲಿಲ್ಲವೆಂದೇ. ಸಾಮಾನ್ಯ ಮದುವೆ ನಡೆಯಬೇಕಾದದ್ದು ಬೆಳಗ್ಗೆ 8ರಿಂದ 12ರೊಳಗೆ. ದೀಪದ ಬೆಳಕಿನ ಸಂಜೆಯ ಮದುವೆ ಆ ಕಾಲದ್ದಲ್ಲ.

ಮನೆತನದ ಲಾಂಗ್‌ಬೋರ್ನ್ ಆಸ್ತಿಯನ್ನು ಎಲಿಜಬೆತ್‌ಳ ತಂದೆ ಬೆನೆಟ್ ಉಯಿಲು ಬರೆದು ಹಿರಿಯ ಮಗಳು ಜೇನ್‌ಗೆ ಕೊಡುವ ಕಥೆಗಳೂ ಹೀಗೇ ಬೀಳುತ್ತವೆ. ಗಂಡು ವಾರಸುದಾರನಿಗೆ ಕಟ್ಟಿಹಾಕಿದ ಆಸ್ತಿಯದು. ಮಗ ಹುಟ್ಟಿ, ವಯಸ್ಕನಾಗಿ, ತಂದೆಯ ಜೊತೆ ಸೇರಿ ಆ ಕಟ್ಟು ಬಿಡಿಸುತ್ತಾನೆಂದು ಬೆನೆಟ್ ಕಾದಿದ್ದರೆಂದು 50ನೇ ಅಧ್ಯಾಯದಲ್ಲೇ ಇದೆ. ಪತ್ರಗಳಿಗೆ ಅಂಚೆ ಚೀಟಿ ಅಂಟಿಸುವುದೂ ಸಲ್ಲದು, ಅದು ಬಂದದ್ದು 1840ರಲ್ಲಿ. ಅದಕ್ಕೆ ಮುಂಚೆ ಹಾಳೆಯನ್ನೇ ಮಡಚಿ ಅರಗು ಹಾಕುತ್ತಿದ್ದರು, ಸಾಮಾನ್ಯವಾಗಿ ಹಣ ಕೊಡುತ್ತಿದ್ದದ್ದು ಪತ್ರ ಪಡೆದವರು. ಡಾರ್ಸಿಗೆ ಬಿರುದಿಲ್ಲ, ಹಾಗಾಗಿ ಅವನ ಹೆಂಡತಿ ಮಿಸೆಸ್ ಡಾರ್ಸಿಯೇ ಹೊರತು ಲೇಡಿ ಡಾರ್ಸಿಯಲ್ಲ. ಡಾರ್ಸಿಯ ಸೋದರಸಂಬಂಧಿ ಕರ್ನಲ್ ಫಿಟ್ಜ್‌ವಿಲಿಯಂಗೆ ರಿಚರ್ಡ್ ಎಂಬ ಹೆಸರು ಅಭಿಮಾನಿಗಳೇ ಇಟ್ಟದ್ದು. ಒಬ್ಬರಿಂದೊಬ್ಬರಿಗೆ ದಾಟುತ್ತಾ ಎಷ್ಟು ಬಳಕೆಯಾಗಿದೆಯೆಂದರೆ ಮೂಲದಲ್ಲಿ ಹುಡುಕಿ ಸಿಗದೆ ಬೆರಗಾಗುವವರಿದ್ದಾರೆ.

2009ರಲ್ಲಿ ಫಿಲಡೆಲ್ಫಿಯಾದ ಕ್ವಿರ್ಕ್ ಬುಕ್ಸ್ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರಿಜುಡಿಸ್ ಅಂಡ್ ಜಾಂಬೀಸ್’ ಮೂಲ ಪಠ್ಯದ ನಡುವೆ ನಡೆದಾಡುವ ಹೆಣಗಳನ್ನು ತುರುಕಿ ಭಾರಿ ಮಾರಾಟ ಕಂಡಿತು. ಅದಕ್ಕಿಂತ ಗಟ್ಟಿ ಕೃತಿ ಜೋ ಬೇಕರ್ ಅವರ 2013ರ ‘ಲಾಂಗ್‌ಬೋರ್ನ್’. ಮೂಲದಲ್ಲಿ ಎಲಿಜಬೆತ್ ಕೆಸರಿನಲ್ಲಿ ನಡೆದು ಬರುತ್ತಾಳೆ. ಆ ಲಂಗ ಒಗೆದವರು ಯಾರು ಎಂಬ ಪ್ರಶ್ನೆಯಿಂದ ಈ ಕಾದಂಬರಿ ಕೆಲಸದವರ ಬದುಕಿಗೆ ಇಳಿಯುತ್ತದೆ. ನಮ್ಮ ಉಪಖಂಡದಲ್ಲಿ ಮೂಲವನ್ನೇ ಇಂದಿನ ಸಂಸಾರಗಳಿಗೆ ಒಗ್ಗಿಸುವ ದಾರಿ ಹೆಚ್ಚು ಫಲ ಕೊಟ್ಟಿದೆ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 2000ರ ತಮಿಳು ‘ಕಂಡುಕೊಂಡೇನ್ ಕಂಡುಕೊಂಡೇನ್’, 2004ರ ‘ಬ್ರೈಡ್ ಅಂಡ್ ಪ್ರಿಜುಡಿಸ್’ ಎರಡರಲ್ಲೂ ಆಸ್ಟೆನ್ ನಾಯಕಿಯರಾದರು. ಸೋನಿಯಾ ಕಮಾಲ್ 2019ರ ‘ಅನ್‌ಮ್ಯಾರಿಜಬಲ್’ನಲ್ಲಿ ಬೆನೆಟ್ ಕುಟುಂಬವನ್ನು ಪಾಕಿಸ್ತಾನಕ್ಕೆ ತಂದರು. ವರದಕ್ಷಿಣೆ, ಗಂಡುಮಕ್ಕಳಿಲ್ಲದ ಮನೆಯ ಆಸ್ತಿ, ನೆರೆಯವರ ಮಾತು ಇವುಗಳ ತೂಕವನ್ನು ಇಲ್ಲಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಈಗಿನ ನಿಜವಾದ ತೊಡಕು ಇ-ಪುಸ್ತಕದ ವ್ಯವಹಾರದ್ದು. ಅಭಿಮಾನಿಗಳು ಅಧ್ಯಾಯವೊಂದರಂತೆ ಉಚಿತವಾಗಿ ಹಾಕಿ, ಓದಿದವರ ತಿದ್ದುಪಡಿ ಪಡೆದು ಕಥೆ ಬೆಳೆಸುತ್ತಿದ್ದರು. ಅದನ್ನು ಅಮೆಜಾನ್‌ನ ಚಂದಾ ಇ-ಪುಸ್ತಕ ಸೇವೆ ಕಿಂಡಲ್ ಅನ್‌ಲಿಮಿಟೆಡ್‌ಗೆ ಸೇರಿಸಬೇಕಾದರೆ 90 ದಿನಗಳ ಒಪ್ಪಂದದ ಅವಧಿಯಲ್ಲಿ ಇ-ಪಠ್ಯ ಬೇರೆಲ್ಲೂ ಸಿಗಬಾರದು, ಉಚಿತವಾಗಿಯೂ ಸಲ್ಲದು. ಹಾಗಾಗಿ ಹಳೆಯ ಕಥೆಗಳು ಒಂದೊಂದಾಗಿ ಮರೆಯಾಗುತ್ತಿವೆ. ಬರೆದವರಿಗೆ ನಾಲ್ಕು ಕಾಸು ಸಿಗುವುದು ನ್ಯಾಯವೇ. ಆದರೆ ಕಥೆಯ ಜೊತೆಗಿದ್ದ ಓದುಗರ ಚರ್ಚೆಯೂ, ಮೊದಲ ಕರಡೂ ಅಳಿಸಿಹೋಗುತ್ತವೆ. ತೆಗೆಯುವ ಮುನ್ನ ಲೇಖಕರು ಎರಡನ್ನೂ ಸೇರಿಸಿ ಒಂದು ಪ್ರತಿ ತಮ್ಮ ಬಳಿ ಉಳಿಸಿಕೊಳ್ಳಬೇಕು, ಅದಕ್ಕೆ ಯಾವ ಒಪ್ಪಂದವೂ ಅಡ್ಡಿಯಿಲ್ಲ.