ಎಜೆಕ್ಷನ್: ಖಾಲಿ ಕೇಸು ಎಲ್ಲಿ ಬಿತ್ತು ಎಂಬ ಪ್ರಶ್ನೆ

ಗುಂಡು ಹಾರಿದ ಮೇಲೆ ಬಂದೂಕಿನ ಚೇಂಬರಿನಲ್ಲಿ, ಅಂದರೆ ಕಾಡತೂಸು ಕೂರುವ ಗೂಡಿನಲ್ಲಿ, ಉಳಿಯುವ ಹಿತ್ತಾಳೆಯ ಕವಚವನ್ನು ನಮ್ಮ ಪತ್ರಿಕೆಗಳು ‘ಖಾಲಿ ಕಾಡತೂಸು’ ಎಂದು ಬರೆಯುತ್ತವೆ. ಸೈನ್ಯದಲ್ಲಿದ್ದು ಬಂದವರು ಹಿಂದಿಯ ‘ಖೋಖಾ’ ಎಂಬ ಮಾತನ್ನೇ ಬಳಸುತ್ತಾರೆ. ಕೊಡಗು, ಮಲೆನಾಡಿನ ಕಡೆ ‘ಖಾಲಿ ತೋಟೆ’ ಎನ್ನುವುದೂ ಉಂಟು. ಈ ಕವಚವನ್ನು, ಅಂದರೆ ಕೇಸನ್ನು, ಬಂದೂಕಿನಿಂದ ಆಚೆಗೆ ಎಸೆಯುವ ಕ್ರಿಯೆಯೇ ಎಜೆಕ್ಷನ್. ಕನ್ನಡದಲ್ಲಿ ‘ಹೊರಚಿಮ್ಮಿಸುವುದು’ ಎಂದರೆ ಅರ್ಥಕ್ಕೆ ತೀರ ಹತ್ತಿರವಾಗುತ್ತದೆ.

ಈ ಪದದ ಬೆನ್ನಿಗೇ ಎಕ್ಸ್‌ಟ್ರಾಕ್ಷನ್ ಎಂಬ ಇನ್ನೊಂದು ಪದವೂ ಬರುತ್ತದೆ, ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಎಕ್ಸ್‌ಟ್ರಾಕ್ಷನ್ ಎಂದರೆ ಚೇಂಬರಿನೊಳಗೆ ಕಚ್ಚಿ ಕೂತಿರುವ ಕೇಸನ್ನು ಹಿಂದಕ್ಕೆ ಸೆಳೆಯುವುದು. ಎಜೆಕ್ಷನ್ ಎಂದರೆ ಹಾಗೆ ಸೆಳೆದು ತಂದ ಕೇಸನ್ನು ಪಕ್ಕದ ಕಿಂಡಿಯಿಂದ ಹೊರಗೆ ಹಾರಿಸುವುದು. ಕೇಸು ಚೇಂಬರಿನಲ್ಲೇ ಉಳಿದಿದ್ದರೆ ದೋಷ ಮೊದಲನೆಯದರಲ್ಲಿ. ಚೇಂಬರಿನಿಂದ ಬಂದೂ ಕಿಂಡಿಯ ಬಾಯಲ್ಲಿ ಸಿಕ್ಕಿಕೊಂಡು ನಿಂತಿದ್ದರೆ ದೋಷ ಎರಡನೆಯದರಲ್ಲಿ, ಅಥವಾ ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಎಂಬ ಭಾಗ ಪೂರ್ತಿ ಹಿಂದಕ್ಕೆ ಬರದಿರುವುದರಲ್ಲಿ. ಈ ವ್ಯತ್ಯಾಸವನ್ನು ಕಣ್ಣಿಟ್ಟು ನೋಡದೆ ಬಿಡಿಭಾಗ ಬದಲಾಯಿಸಲು ಹೊರಟರೆ ಹಣವೂ ಹಾಳು, ರೋಗವೂ ಹಾಗೆಯೇ ಉಳಿಯುತ್ತದೆ.

ಸೆಳೆಯುವ ಕೆಲಸ ಮೇಲ್ನೋಟಕ್ಕೆ ಕಾಣುವಷ್ಟು ಸುಲಭದ್ದಲ್ಲ. ಮದ್ದು ಉರಿದಾಗ ಹುಟ್ಟುವ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಅದರಿಂದಲೇ ಬಿಸಿ ಅನಿಲ ಹಿಂದಕ್ಕೆ ನುಗ್ಗದೆ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಒತ್ತಡ ಇಳಿದಾಗ ಹಿತ್ತಾಳೆ ತುಸು ಕುಗ್ಗಿ ಗೋಡೆಯನ್ನು ಬಿಡುತ್ತದೆ. ಸುಮಾರು 70 ಭಾಗ ತಾಮ್ರ, 30 ಭಾಗ ಸತು ಸೇರಿದ ಹಿತ್ತಾಳೆಯನ್ನೇ ಕೇಸಿಗೆ ಆರಿಸಿಕೊಂಡದ್ದು ಹೀಗೆ ಉಬ್ಬಿ ಕುಗ್ಗುವ ಈ ಗುಣಕ್ಕಾಗಿ. ಬೋಲ್ಟಿನ ಮುಖದಲ್ಲಿರುವ ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆ ಕೇಸಿನ ತಳದ ಅಂಚನ್ನು ಹಿಡಿದು ಎಳೆಯುವುದು ಈ ಕುಗ್ಗುವಿಕೆಯಾದ ಮೇಲೆ. ಕುಗ್ಗುವ ಮೊದಲೇ ಎಳೆದರೆ ಕೊಕ್ಕೆ ಜಾರುತ್ತದೆ, ಇಲ್ಲವೇ ಅಂಚು ಹರಿದು ಬರುತ್ತದೆ.

ಎಜೆಕ್ಟರಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬಂದೂಕಿನ ಮೈಗೆ ಸೇರಿದಂತೆ ನಿಂತಿರುವ ಸ್ಥಿರ ಎಜೆಕ್ಟರ್. ಬೋಲ್ಟ್ ಕೇಸನ್ನು ಹಿಂದಕ್ಕೆ ಎಳೆದುಕೊಂಡು ಬರುವಾಗ ಕೇಸಿನ ತಳದ ಒಂದು ಪಕ್ಕ ಇದಕ್ಕೆ ಬಡಿಯುತ್ತದೆ, ಇನ್ನೊಂದು ಪಕ್ಕ ಕೊಕ್ಕೆಯ ಹಿಡಿತದಲ್ಲೇ ಇರುತ್ತದೆ. ಹಾಗಾಗಿ ಕೇಸು ಕೊಕ್ಕೆಯ ಸುತ್ತ ಬಾಗಿಲಿನಂತೆ ತಿರುಗಿ ಆಚೆಗೆ ಹಾರುತ್ತದೆ. ಎಫ್‌ಎನ್ ಎಫ್‌ಎಎಲ್ ಮತ್ತು ಎಕೆ ಮಾದರಿಯ ಬಂದೂಕುಗಳಲ್ಲಿ ಇರುವುದು ಈ ಬಗೆ. ಇನ್ನೊಂದು, ಬೋಲ್ಟಿನ ಮುಖದಲ್ಲೇ ಸ್ಪ್ರಿಂಗಿನ ಮೇಲೆ ಕೂತಿರುವ ಸಣ್ಣ ಕಡ್ಡಿ. ಅದು ಕೇಸಿನ ತಳವನ್ನು ಸದಾ ಒತ್ತುತ್ತಿರುತ್ತದೆ, ಕೇಸಿನ ಬಾಯಿ ಬಿಡುಗಡೆಯಾದ ಕ್ಷಣದಲ್ಲೇ ಅದನ್ನು ಓರೆಯಾಗಿ ಚಿಮ್ಮುತ್ತದೆ. ಅಮೆರಿಕದ ಎಂ1 ಗ್ಯಾರಂಡ್, ಎಆರ್-15 ಈ ಎರಡನೆಯ ಬಗೆಗೆ ಸೇರುತ್ತವೆ. ಸ್ಥಿರ ಎಜೆಕ್ಟರಿನ ಏಟಿನ ಬಿರುಸು ಪೂರ್ತಿಯಾಗಿ ಬೋಲ್ಟಿನ ವೇಗವನ್ನೇ ನೆಚ್ಚಿಕೊಂಡಿದೆ. ಸ್ಪ್ರಿಂಗ್ ಎಜೆಕ್ಟರಿನಲ್ಲಿ ಬೋಲ್ಟಿನ ವೇಗದ ಜೊತೆಗೆ ಸ್ಪ್ರಿಂಗಿನ ಬಲವೂ ಸೇರುತ್ತದೆ.

ಎಜೆಕ್ಷನ್ ಸರಿಪಡಿಸುವುದು ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಕೇಸು ಬೀಳುವ ಜಾಗವನ್ನು ಬದಲಾಯಿಸುವುದು. ನನ್ನ ದೃಷ್ಟಿಯಲ್ಲಿ ಈ ಪದವನ್ನು ತಪ್ಪಾಗಿ ತಿಳಿಯುವುದು ಇಲ್ಲಿಂದಲೇ ಶುರುವಾಗುತ್ತದೆ. ಅರೆ ಸ್ವಯಂಚಾಲಿತ ರೈಫಲ್ ಎಂದರೆ ಒಂದು ಗುಂಡಿನ ಶಕ್ತಿಯ ಒಂದು ಪಾಲನ್ನು ಕಡ ಪಡೆದು ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ಯಂತ್ರ. ಆ ಪಾಲು ಎಷ್ಟಿರಬೇಕು ಎಂಬುದೇ ಇಲ್ಲಿರುವ ನಿಜವಾದ ಪ್ರಶ್ನೆ. ಕೇಸು ಎಷ್ಟು ದೂರ, ಯಾವ ದಿಕ್ಕಿಗೆ ಹೋಯಿತು ಎಂಬುದು ಆ ಪ್ರಶ್ನೆಗೆ ಸಿಗುವ ಉತ್ತರ ಮಾತ್ರ. ಜ್ವರ ಇಳಿಸಲು ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದರೆ ಆಗುವ ಪ್ರಯೋಜನವೇ, ಶಕ್ತಿಯನ್ನು ಬಿಟ್ಟು ಕೇಸಿನ ದಿಕ್ಕನ್ನಷ್ಟೇ ತಿದ್ದಿದರೂ ಆಗುವುದು.

ಇದನ್ನು ತಿಳಿಯಲು ಬೆಲ್ಜಿಯಂನ ಎಫ್‌ಎಎಲ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ದ್ಯುದೊನ್ನೆ ಸೈವ್ ವಿನ್ಯಾಸಗೊಳಿಸಿದ ಈ ಬಂದೂಕಿನ ಬ್ರಿಟಿಷ್ ರೂಪ ಎಲ್1ಎ1. ಪಶ್ಚಿಮ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ 1960ರ ದಶಕದಿಂದ ತಯಾರಾದ 7.62 ಮಿಮೀ 1ಎ1 ಕೂಡ ಇದೇ ಬಳಗದ್ದು. ನಮ್ಮ ಸೈನಿಕರೂ ಪೊಲೀಸರೂ ಎಸ್‌ಎಲ್‌ಆರ್ ಎಂದು ಕರೆಯುವುದು ಇದನ್ನೇ. 1990ರ ದಶಕದಲ್ಲಿ ಇನ್ಸಾಸ್ ಬರುವವರೆಗೆ ಭಾರತೀಯ ಸೈನ್ಯದ ಕಾಲಾಳಿನ ಕೈಯಲ್ಲಿದ್ದ ಮುಖ್ಯ ರೈಫಲ್ ಇದೇ ಆದ್ದರಿಂದ, ಕರ್ನಾಟಕದ ಅನೇಕ ನಿವೃತ್ತ ಯೋಧರಿಗೆ ಇದರ ಗ್ಯಾಸ್ ರೆಗ್ಯುಲೇಟರ್ ಹೊಸದೇನಲ್ಲ.

ನಳಿಗೆಯ ಒಂದು ಸಣ್ಣ ರಂಧ್ರದಿಂದ ಬರುವ ಅನಿಲ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಬೋಲ್ಟನ್ನು ಹೊತ್ತು ಚಲಿಸುವ ಬೋಲ್ಟ್ ಕ್ಯಾರಿಯರನ್ನು ಹಿಂದಕ್ಕೆ ನೂಕುತ್ತದೆ. ಕೆರೆಗೆ ಕೋಡಿ ಇರುವಂತೆ ಇಲ್ಲಿ ಹೆಚ್ಚಾದ ಅನಿಲ ಆಚೆಗೆ ಹರಿದುಹೋಗಲು ಒಂದು ಕಿಂಡಿ ಇದೆ, ರೆಗ್ಯುಲೇಟರಿನ ಬಳೆಯನ್ನು ತಿರುಗಿಸಿದಂತೆಲ್ಲ ಆ ಕಿಂಡಿ ಮುಚ್ಚುತ್ತ ಹೋಗುತ್ತದೆ. ಕೋಡಿ ಏರಿಸಿದರೆ ಕೆರೆಯಲ್ಲಿ ಹೆಚ್ಚು ನೀರು ನಿಲ್ಲುವ ಹಾಗೆ, ಕಿಂಡಿ ಮುಚ್ಚಿದಷ್ಟೂ ಪಿಸ್ಟನ್ನಿಗೆ ಹೆಚ್ಚು ಅನಿಲ ಸಿಗುತ್ತದೆ. ಹೊಂದಿಸುವ ಕ್ರಮ ಹೀಗಿದೆ: ಬಂದೂಕು ಖಾಲಿಯಿದೆ ಎಂದು ಖಚಿತಪಡಿಸಿಕೊಂಡು ಕಿಂಡಿಯನ್ನು ಪೂರ್ತಿ ತೆರೆಯಬೇಕು. ಮ್ಯಾಗಜೀನಿಗೆ ಒಂದೇ ಒಂದು ಗುಂಡು ಹಾಕಿ, ಭುಜಕ್ಕೆ ಗಟ್ಟಿಯಾಗಿ ಊರಿ ಹಾರಿಸಬೇಕು. ಶಕ್ತಿ ಸಾಲದಿದ್ದರೆ ಕೇಸು ತಾನು ಹೊರಬರುವ ಪಕ್ಕದ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ ಅಥವಾ ಪಕ್ಕದಲ್ಲೇ ಸತ್ತಂತೆ ಬೀಳುತ್ತದೆ, ಬೋಲ್ಟ್ ಕೊನೆಯವರೆಗೆ ಹಿಂದೆ ಬರದೆ ಮುಂದಕ್ಕೆ ಮುಚ್ಚಿಕೊಳ್ಳುತ್ತದೆ. ಆಗ ಬಳೆಯನ್ನು ಒಂದು ಕ್ಲಿಕ್ ತಿರುಗಿಸಿ, ಮತ್ತೆ ಒಂದೇ ಗುಂಡು ಹಾಕಿ ಹಾರಿಸಬೇಕು. ಖಾಲಿ ಮ್ಯಾಗಜೀನಿನ ಮೇಲೆ ಬೋಲ್ಟ್ ತಾನಾಗಿ ಹಿಂದೆ ನಿಲ್ಲುವವರೆಗೆ ಹೀಗೆಯೇ ಮುಂದುವರಿಯಬೇಕು. ಅಲ್ಲಿಗೆ ಬೇಕಾದ ಕನಿಷ್ಠ ಶಕ್ತಿ ಗೊತ್ತಾಯಿತು. ಅದರ ಮೇಲೆ ಇನ್ನೆರಡು ಕ್ಲಿಕ್ ಸೇರಿಸುವುದು ವಾಡಿಕೆ, ಏಕೆಂದರೆ ಮಸಿ ಕಟ್ಟಿದಾಗ, ಧೂಳು ತುಂಬಿದಾಗ ಯಂತ್ರಕ್ಕೆ ಆ ಮೀಸಲು ಬೇಕಾಗುತ್ತದೆ. ಬ್ರಿಟಿಷ್ ಎಲ್1ಎ1ನಲ್ಲಿ ಬೋಲ್ಟ್ ತಾನಾಗಿ ಹಿಂದೆ ನಿಲ್ಲುವ ಏರ್ಪಾಡನ್ನು ಕೈಬಿಟ್ಟಿದ್ದರು, ಹಾಗಾಗಿ ಅಲ್ಲಿ ಕೇಸು ಹೊರಗೆ ಹಾರುವ ರೀತಿಯನ್ನೇ ನೋಡಿ ನಿರ್ಧರಿಸಬೇಕಿತ್ತು. ಎಜೆಕ್ಷನ್ ಎಂಬುದು ಅಳತೆಗೋಲು ಎಂದು ನಾನು ಹೇಳುತ್ತಿರುವುದು ಈ ಅರ್ಥದಲ್ಲಿ.

ಅನಿಲದ ಕಿಂಡಿಯನ್ನು ಪೂರ್ತಿ ಮುಚ್ಚಿಬಿಟ್ಟರೆ ಕೇಸು ಎಂದೂ ಸಿಕ್ಕಿಕೊಳ್ಳುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದರೆ ಬಂದೂಕು ಓಡುತ್ತದೆ, ಆದರೆ ಕ್ಯಾರಿಯರ್ ಪ್ರತಿ ಸಲವೂ ಹಿಂಬದಿಗೆ ಅಪ್ಪಳಿಸುತ್ತದೆ, ಭುಜಕ್ಕೆ ಏಟು ಜೋರಾಗುತ್ತದೆ, ಬಿಡಿಭಾಗಗಳು ಬೇಗ ಸವೆಯುತ್ತವೆ, ಕೇಸುಗಳು ಜಜ್ಜಿಹೋಗಿ ಎಲ್ಲೋ ದೂರಕ್ಕೆ ಹಾರುತ್ತವೆ.

ಎಆರ್-15 ಬಳಸುವ ದೇಶಗಳಲ್ಲಿ ಕೇಸು ಹಾರುವ ದಿಕ್ಕನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುವ ರೂಢಿ ಇದೆ. ನಳಿಗೆಯ ತುದಿ 12 ಗಂಟೆ, ನೇರ ಬಲಕ್ಕೆ 3 ಗಂಟೆ. ಕೇಸುಗಳು 3ರಿಂದ 4.30ರ ನಡುವೆ ಒಂದೇ ಕಡೆ ಗುಂಪಾಗಿ ಬಿದ್ದರೆ ನೆಮ್ಮದಿ. 1 ಅಥವಾ 2 ಗಂಟೆಯ ಕಡೆಗೆ, ಅಂದರೆ ಮುಂದಕ್ಕೆ ಹಾರುತ್ತಿದ್ದರೆ ಸಾಮಾನ್ಯವಾಗಿ ಬೋಲ್ಟ್ ಅತಿ ವೇಗವಾಗಿ ಚಲಿಸುತ್ತಿದೆ ಎಂದರ್ಥ. 5ರ ಕಡೆಗೆ ಸೊರಗಿ ಬೀಳುತ್ತಿದ್ದರೆ ಶಕ್ತಿ ಸಾಲದು. ಇಲ್ಲಿ ಹೊಂದಿಸಲು ಎರಡು ದಾರಿಗಳಿವೆ. ಹೊಂದಿಸಬಹುದಾದ ಗ್ಯಾಸ್ ಬ್ಲಾಕ್ ಹಾಕಿ ಬರುವ ಅನಿಲವನ್ನೇ ತಗ್ಗಿಸುವುದು ಒಂದು. ಬಂದೂಕಿನ ಬುಡದಲ್ಲಿ ಬೋಲ್ಟಿನ ಹಿಂದೆ ಕೂರುವ ಬಫರ್ ಎಂಬ ಭಾಗದ ತೂಕ ಹೆಚ್ಚಿಸಿ ಬೋಲ್ಟಿನ ವೇಗಕ್ಕೆ ಕಡಿವಾಣ ಹಾಕುವುದು ಇನ್ನೊಂದು. ಕಾರ್ಬೈನಿನ ಸಾಮಾನ್ಯ ಬಫರ್ ಸುಮಾರು 85 ಗ್ರಾಂ ತೂಗಿದರೆ, ಟಂಗ್‌ಸ್ಟನ್ ತುಂಬಿದ ಅತಿ ಭಾರದ್ದು ಸುಮಾರು 153 ಗ್ರಾಂ ತೂಗುತ್ತದೆ. ಆದರೆ ಈ ಗಡಿಯಾರದ ಲೆಕ್ಕವನ್ನು ಕಂಡ ಕಂಡ ಬಂದೂಕಿಗೆಲ್ಲ ಅನ್ವಯಿಸುವುದು ತಪ್ಪು. ಜರ್ಮನಿಯ ಜಿ3 ಪೂರ್ತಿ ಆರೋಗ್ಯವಾಗಿದ್ದಾಗಲೂ ಕೇಸನ್ನು ಹಲವು ಮೀಟರ್ ದೂರಕ್ಕೆ ಬೀಸಿ ಒಗೆಯುತ್ತದೆ, ಅದು ಅದರ ಜಾಯಮಾನ. 1936ರಲ್ಲಿ ಅಮೆರಿಕದ ಸೈನ್ಯ ಸೇರಿದ ಗ್ಯಾರಂಡಿಗೆ ರೆಗ್ಯುಲೇಟರೇ ಇಲ್ಲ. ಅಲ್ಲಿ ಮದ್ದಿನ ಆಯ್ಕೆಯೇ ಹೊಂದಾಣಿಕೆ, ನಿಧಾನವಾಗಿ ಉರಿಯುವ ಮದ್ದು ತುಂಬಿದ ಗುಂಡು ಹಾರಿಸಿದರೆ ಬೋಲ್ಟನ್ನು ಹಿಂದಕ್ಕೆ ಒಯ್ಯುವ ಅದರ ಉದ್ದನೆಯ ಆಪರೇಟಿಂಗ್ ರಾಡ್ ಬಾಗುವ ಅಪಾಯವಿದೆ.

ಬಿದ್ದ ಕೇಸನ್ನು ಆರಿದ ಮೇಲೆ ಎತ್ತಿ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಒಳ್ಳೆಯದು. ತಳದ ಅಂಚಿನಲ್ಲಿ ಒಂದು ಕಡೆ ಕೊಕ್ಕೆಯ ಗೀರು ಇರುತ್ತದೆ. ಅದು ತೆಳುವಾದ ಗೆರೆಯಾಗಿದ್ದರೆ ಸರಿ, ಅಂಚೇ ಬಾಗಿದ್ದರೆ ಅಥವಾ ಹರಿದಿದ್ದರೆ ಕೇಸು ಗೋಡೆ ಬಿಡುವ ಮೊದಲೇ ಎಳೆತ ಶುರುವಾಗಿದೆ, ಇಲ್ಲವೇ ಚೇಂಬರ್ ಕೊಳೆಯಾಗಿದೆ. ತಳದ ಮುಖದಲ್ಲಿ ಎಜೆಕ್ಟರ್ ಒತ್ತಿದ ಸಣ್ಣ ಗುರುತು ಕಾಣುತ್ತದೆ. ಅಲ್ಲಿ ಹಿತ್ತಾಳೆ ಹೊಳೆಯುವಂತೆ ಉಜ್ಜಿಹೋಗಿದ್ದರೆ ಒತ್ತಡ ಮಿತಿಮೀರಿರಬಹುದು, ಆಗ ಹಾರಿಸುವುದನ್ನು ನಿಲ್ಲಿಸಿ ಗುಂಡನ್ನು ಪರಿಶೀಲಿಸಬೇಕು. ಮೈಯ ನಡುವಿನ ತಗ್ಗು ಕಿಂಡಿಯ ಅಂಚಿಗೋ, ಕೇಸಿನ ದಾರಿ ತಿರುಗಿಸುವ ಉಬ್ಬಾದ ಡಿಫ್ಲೆಕ್ಟರಿಗೋ ಬಡಿದದ್ದರ ಗುರುತು. ಇವೇ ಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ಇಂಥದ್ದೇ ಬಂದೂಕಿನಿಂದ ಹಾರಿದ್ದು ಎಂದು ವಿಧಿವಿಜ್ಞಾನ ಪ್ರಯೋಗಾಲಯದವರು ಹೇಳುತ್ತಾರೆ.

ಯಾವುದನ್ನೂ ತಿರುಗಿಸುವ ಮೊದಲು ಬಂದೂಕನ್ನು ಶುಚಿಗೊಳಿಸಿ, ಎಣ್ಣೆ ಹಾಕಿ, ಒಂದೇ ತಯಾರಿಯ ಗುಂಡುಗಳನ್ನು ಹಾರಿಸಿ ನೋಡಬೇಕು. ತೊಂದರೆಗಳಲ್ಲಿ ಒಂದು ದೊಡ್ಡ ಪಾಲು ಅಲ್ಲಿಗೇ ಮುಗಿಯುತ್ತದೆ. ಕೇಸನ್ನು ಮತ್ತೆ ತುಂಬಿಸಿ ಬಳಸುವ ಗುರಿಕಾರರು ಅದು ಕಾಲ ಬುಡದಲ್ಲೇ ಮೆಲ್ಲಗೆ ಬೀಳಲಿ ಎಂದು ಎಜೆಕ್ಟರ್ ಸ್ಪ್ರಿಂಗಿನ ಒಂದೆರಡು ಸುತ್ತನ್ನು ಕತ್ತರಿಸುವುದುಂಟು. ಗುರಿ ಅಭ್ಯಾಸದ ಬಂದೂಕಿಗೆ ಅದು ನಡೆದೀತು, ಪ್ರಾಣ ಕಾಯಬೇಕಾದ ಬಂದೂಕಿಗೆ ನಾನು ಖಂಡಿತ ಒಪ್ಪುವುದಿಲ್ಲ. ಕತ್ತರಿಸಿದ ಸ್ಪ್ರಿಂಗ್ ಮತ್ತೆ ಬೆಳೆಯುವುದಿಲ್ಲ. ಕೇಸು ಜಜ್ಜುವುದಷ್ಟೇ ಚಿಂತೆಯಾದರೆ ಬಡಿಯುವ ಜಾಗಕ್ಕೆ ಮೆತ್ತನೆಯ ಪಟ್ಟಿ ಅಂಟಿಸಿದರೆ ಸಾಕು. ಜಿ3 ಮಾದರಿಗೆ ಕಿಂಡಿಯ ಬಳಿ ಸಿಕ್ಕಿಸುವ, ‘ಪೋರ್ಟ್ ಬಫರ್’ ಎಂಬ ತಡೆಗಳು ಬಂದದ್ದೂ ಇದಕ್ಕಾಗಿಯೇ.

ದಿಕ್ಕನ್ನು ನಿಜವಾಗಿಯೂ ಬದಲಾಯಿಸಬೇಕಾದ ಸಂದರ್ಭವೂ ಒಂದಿದೆ, ಅದು ಎಡಗೈಯವರದು. ಎಡ ಭುಜಕ್ಕೆ ಊರಿದಾಗ ಬಲಕ್ಕೆ ಚಿಮ್ಮುವ ಬಿಸಿ ಕೇಸು ಮುಖದ ಮುಂದೆಯೇ ಹಾದುಹೋಗುತ್ತದೆ, ಕೆಲವೊಮ್ಮೆ ಕಾಲರಿನೊಳಗೆ ಬಿದ್ದು ಚರ್ಮ ಸುಡುತ್ತದೆ. 1980ರ ದಶಕದಲ್ಲಿ ಬಂದ ಎಂ16ಎ2ರ ಕಿಂಡಿಯ ಹಿಂದೆ ಒಂದು ಉಬ್ಬನ್ನು ಕೊಟ್ಟು, ಕೇಸು ಅದಕ್ಕೆ ಬಡಿದು ಮುಖದಿಂದ ದೂರ ಸರಿಯುವಂತೆ ಮಾಡಿದರು. ಆಸ್ಟ್ರಿಯಾದ ಸ್ಟೈರ್ ಆಗ್‌ನಲ್ಲಿ ಎಡಗೈಯವರ ಬೋಲ್ಟ್ ಹಾಕಿ, ಕಿಂಡಿಯ ಮುಚ್ಚಳವನ್ನು ಇನ್ನೊಂದು ಪಕ್ಕಕ್ಕೆ ಸರಿಸಿದರೆ ಕೇಸು ಎಡಕ್ಕೆ ಹಾರುತ್ತದೆ. ಬೆಲ್ಜಿಯಂನ ಎಫ್2000ದಲ್ಲಿ ಕೇಸು ಪಕ್ಕಕ್ಕೆ ಚಿಮ್ಮುವುದೇ ಇಲ್ಲ. ಒಳಗಿನ ಒಂದು ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಮುಂದಕ್ಕೆ ಸಾಗುತ್ತವೆ, ಹಾಗಾಗಿ ಕೆಲವು ಗುಂಡುಗಳು ಹಾರಿದ ನಂತರವೇ ಮೊದಲ ಕೇಸು ನಳಿಗೆಯ ಪಕ್ಕದಲ್ಲಿ ಹೊರಬಿದ್ದು ನೆಲ ಸೇರುತ್ತದೆ.