ಹೊಸ ಕ್ಯಾಮೆರಾ ಕೊಳ್ಳುವ ಮುಂಚೆ ಕೆಟ್ಟ ಫೋಟೊಗಳನ್ನು ತೆರೆದು ನೋಡಿ

ಫೋಟೊಗ್ರಫಿ ಕಲಿಯಲು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಇದನ್ನೇ: ‘ನನ್ನ ಕ್ಯಾಮೆರಾ ಹಳೇದಾಯ್ತು ಸರ್, ಈಗ ಯಾವುದು ತಗೊಳ್ಳಲಿ?’ ನಾನು ಯಾವ ಮಾಡೆಲ್ ಹೆಸರನ್ನೂ ಹೇಳುವುದಿಲ್ಲ. ಬದಲಿಗೆ ಒಂದು ಕೆಲಸ ಕೊಡುತ್ತೇನೆ. ಇತ್ತೀಚೆಗೆ ತೆಗೆದದ್ದರಲ್ಲಿ ನಿಮಗೆ ಬೇಸರ ತಂದ ಒಂದಿಪ್ಪತ್ತು ಫೋಟೊ ಆರಿಸಿ ತನ್ನಿ. ಚೆನ್ನಾಗಿ ಬಂದವು ಬೇಡ, ಕೆಟ್ಟವೇ ಬೇಕು. ಒಂದೊಂದನ್ನೂ ಪರದೆಯ ಮೇಲೆ ದೊಡ್ಡದು ಮಾಡಿ, ಯಾಕೆ ಕೆಟ್ಟಿತು ಅಂತ ಪಕ್ಕದಲ್ಲಿ ಬರೆಯೋಣ.

ಹೀಗೆ ಬರೆಯುತ್ತಾ ಹೋದರೆ ಸಿಗುವ ಕಾರಣಗಳು ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ ಥರ. ಕೈ ಅಲುಗಿದೆ. ಕಣ್ಣಿನ ಮೇಲೆ ಕೂರಬೇಕಿದ್ದ ಫೋಕಸ್ ಕಿವಿಯ ಮೇಲೆ ಕೂತಿದೆ. ನೆತ್ತಿ ಬಿಸಿಲಿನಲ್ಲಿ ತೆಗೆದದ್ದರಿಂದ ಕಣ್ಣಿನ ಕೆಳಗೆಲ್ಲ ಕಪ್ಪು ನೆರಳು. ಆಕಾಶದಲ್ಲಿ ಮೋಡವೇ ಇಲ್ಲ, ಬರೀ ಬಿಳಿ. ಹಿಂದಿನ ಕಂಬ ಸರಿಯಾಗಿ ತಲೆಯ ಮೇಲೆ ಬಂದು ನಿಂತಿದೆ. ಬೆಳಕು ಹಿಡಿಯುವ ಸೆನ್ಸರ್ ಹಳೆಯದಾಗಿರುವುದಕ್ಕೂ ಇವುಗಳಿಗೂ ಹೆಚ್ಚು ಸಂಬಂಧವಿಲ್ಲ. ಹೊಸ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ತಂದರೂ ಇದರಲ್ಲಿ ಬಹುಪಾಲು ಹಾಗೇ ಮುಂದುವರಿಯುತ್ತದೆ.

ಮಸುಕಾದ ಫೋಟೊ ಒಂದನ್ನೇ ತಗೊಳ್ಳಿ. ‘ಶಾರ್ಪ್ ಇಲ್ಲ’ ಅನ್ನುವ ಒಂದೇ ಮಾತಿನೊಳಗೆ ಕನಿಷ್ಠ ಮೂರು ಬೇರೆ ಬೇರೆ ತೊಂದರೆ ಸೇರಿಕೊಂಡಿರುತ್ತವೆ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಗೋಡೆ, ಕಿಟಕಿ ಎಲ್ಲ ಸ್ಪಷ್ಟವಾಗಿದ್ದು ಓಡುವ ಮಗು ಮಾತ್ರ ಮಸುಕಾಗಿದ್ದರೆ ಶಟರ್ ನಿಧಾನವಾಗಿತ್ತು, ಅಂದರೆ ಬೆಳಕು ಒಳಬಿಡುವ ಪರದೆ ಹೆಚ್ಚು ಹೊತ್ತು ತೆರೆದಿತ್ತು. ಮಗುವಿನ ಮುಖ ಮಸುಕಾಗಿ, ಹಿಂದಿನ ಗಿಡದ ಎಲೆಗಳು ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಮೂರಕ್ಕೂ ಮದ್ದು ಬೇರೆ. ಕೈ ಅಲುಗಾಟಕ್ಕೆ ಫಿಲ್ಮ್ ಕಾಲದಿಂದ ಬಂದ ಒಂದು ಲೆಕ್ಕವಿದೆ: 50 ಮಿ.ಮೀ. ಲೆನ್ಸಿಗೆ ಶಟರ್ ವೇಗ ಕನಿಷ್ಠ 1/50 ಸೆಕೆಂಡ್, 200 ಮಿ.ಮೀ.ಗೆ 1/200. ಎಪಿಎಸ್-ಸಿ ಅಳತೆಯ ಚಿಕ್ಕ ಸೆನ್ಸರ್ ಇದ್ದರೆ ಅದರ ಒಂದೂವರೆ ಪಟ್ಟು ವೇಗ ಇಟ್ಟುಕೊಳ್ಳಿ. ಓಡುವ ಮಗುವಿಗೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ 1/500 ಆದರೂ ಬೇಕು. ಫೋಕಸ್ ತಪ್ಪುತ್ತಿದ್ದರೆ ಪಾಯಿಂಟ್ ಆಯ್ಕೆಯನ್ನು ಕ್ಯಾಮೆರಾಗೆ ಬಿಡದೆ ನೀವೇ ಒಂದು ಪಾಯಿಂಟ್ ಆರಿಸಿ, ಅದನ್ನು ಹತ್ತಿರದ ಕಣ್ಣಿನ ಮೇಲೆ ಇಡಿ. ಇಷ್ಟಕ್ಕೇ ಆ ಇಪ್ಪತ್ತರ ಪಟ್ಟಿ ಸಾಕಷ್ಟು ಚಿಕ್ಕದಾಗುತ್ತದೆ.

ಇನ್ನು ಮೆಗಾಪಿಕ್ಸೆಲ್ ವಿಚಾರ. ಒಂದು ಮೆಗಾಪಿಕ್ಸೆಲ್ ಅಂದರೆ ಚಿತ್ರದಲ್ಲಿ ಹತ್ತು ಲಕ್ಷ ಚುಕ್ಕೆ. ಮುಖಚಿತ್ರಗಳಿಗೆ ನಾನು ಈಗಲೂ ಬಳಸುವುದು 2008ರಲ್ಲಿ ಬಂದ ನಿಕಾನ್ ಡಿ700. ಅದರದು 12 ಮೆಗಾಪಿಕ್ಸೆಲ್. ಅಂದರೆ ಒಂದು ಬದಿಗೆ 4256 ಚುಕ್ಕೆ, ಇನ್ನೊಂದು ಬದಿಗೆ 2832. ಫುಲ್ ಎಚ್‌ಡಿ ಪರದೆಗೆ ಬೇಕಾಗುವುದು ಸುಮಾರು 2 ಮೆಗಾಪಿಕ್ಸೆಲ್. 4ಕೆ ಟೀವಿಗೆ 8 ಚಿಲ್ಲರೆ. ಪ್ರಿಂಟ್ ಹಾಕಿಸಿದರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 14 ಇಂಚು ಉದ್ದ, 9 ಇಂಚು ಅಗಲದ ಒಳ್ಳೆಯ ಪ್ರಿಂಟ್ ಬರುತ್ತದೆ. ಗೋಡೆಗೆ ಹಾಕುವ ದೊಡ್ಡ ಪ್ರಿಂಟನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ, ಅಲ್ವಾ? ಅಲ್ಲಿ ಇಂಚಿಗೆ 150 ಸಾಕು. ಆಗ ಇದೇ ಫೈಲು 28 ಇಂಚಿನವರೆಗೆ ಹೋಗುತ್ತದೆ. ನಿಮ್ಮ ಫೋಟೊಗಳಲ್ಲಿ ಎಷ್ಟು ಅದಕ್ಕಿಂತ ದೊಡ್ಡದಾಗಿ ಪ್ರಿಂಟ್ ಆಗಿವೆ ಅಂತ ನೆನಪಿಸಿಕೊಳ್ಳಿ.

12ರಿಂದ 24ಕ್ಕೆ ಹೋದರೆ ಎರಡು ಪಟ್ಟು ವಿವರ ಸಿಗುತ್ತದೆ ಅಂತ ಅನಿಸುವುದು ಸಹಜ. ಆದರೆ ಹೆಚ್ಚಾದ ಚುಕ್ಕೆಗಳು ಉದ್ದಕ್ಕೂ ಅಗಲಕ್ಕೂ ಹಂಚಿಹೋಗುತ್ತವೆ. ಹಾಗಾಗಿ ಒಂದೊಂದು ಬದಿಯಲ್ಲಿ ಸಿಗುವ ಹೆಚ್ಚಳ ಸುಮಾರು ಶೇ 41 ಮಾತ್ರ. ಬದಿಯಲ್ಲಿ ನಿಜಕ್ಕೂ ಎರಡು ಪಟ್ಟು ಬೇಕಾದರೆ 48 ಮೆಗಾಪಿಕ್ಸೆಲ್ ಬೇಕು. ಅದೂ ಕೈ ಗಟ್ಟಿಯಾಗಿದ್ದು, ಫೋಕಸ್ ಸರಿಯಾಗಿ ಕೂತು, ಲೆನ್ಸ್ ಒಳ್ಳೆಯದಾಗಿದ್ದರೆ ಮಾತ್ರ. ಸ್ವಲ್ಪ ಅಲುಗಿದ ಫೋಟೊದಲ್ಲಿ ಹೊಸ ಚುಕ್ಕೆಗಳು ಆ ಅಲುಗಾಟವನ್ನೇ ಇನ್ನಷ್ಟು ಚೆನ್ನಾಗಿ ತೋರಿಸುತ್ತವೆ.

ಕತ್ತಲಿನ ದೂರು ಮಾತ್ರ ಗಂಭೀರವಾದದ್ದು. ‘ರಾತ್ರಿ ಹೊತ್ತು ನನ್ನ ಫೋನಲ್ಲೇ ಚೆನ್ನಾಗಿ ಬರುತ್ತೆ, ಕ್ಯಾಮೆರಾದಲ್ಲಿ ಬರೀ ಕಾಳು ಕಾಳು’ ಅಂತ ತುಂಬ ಜನ ಹೇಳುತ್ತಾರೆ. ಅವರು ನೋಡಿದ್ದು ಸರಿಯಾಗಿಯೇ ಇದೆ, ಆದರೆ ಕಾರಣ ಬೇರೆ. ಬೆಳಕು ಸೆನ್ಸರಿಗೆ ಬರುವುದು ಫೋಟಾನ್ ಎಂಬ ಬಿಡಿ ಬಿಡಿ ಕಣಗಳಾಗಿ. ತುಂತುರು ಮಳೆಯಲ್ಲಿ ಎರಡು ಬಟ್ಟಲು ಅಕ್ಕಪಕ್ಕ ಇಟ್ಟರೆ ಒಂದಕ್ಕೆ ಐದು ಹನಿ, ಇನ್ನೊಂದಕ್ಕೆ ಎಂಟು ಹನಿ ಬೀಳಬಹುದು. ಮಳೆ ಜೋರಾದಾಗ ಎರಡೂ ಸಮನಾಗಿ ತುಂಬುತ್ತವೆ. ಸೆನ್ಸರಿನ ಚುಕ್ಕೆಗಳಲ್ಲೂ ಇದೇ ನಡೆಯುತ್ತದೆ. ಒಂದು ಚುಕ್ಕೆಗೆ ಸರಾಸರಿ 100 ಫೋಟಾನ್ ಬಿದ್ದರೆ ಏರಿಳಿತ ಸುಮಾರು 10, ಅಂದರೆ ಶೇ 10. ಅದೇ 10,000 ಬಿದ್ದರೆ ಏರಿಳಿತ 100, ಅಂದರೆ ಶೇ 1. ಈ ಕಾಳು ಕಾಳು, ಅಂದರೆ ನಾವು ನಾಯ್ಸ್ ಅನ್ನುವುದರಲ್ಲಿ ದೊಡ್ಡ ಪಾಲು ಹೀಗೆ ಬೆಳಕಿನೊಳಗೇ ಇರುತ್ತದೆ. ಎಷ್ಟೇ ಹೊಸ ಸೆನ್ಸರ್ ಆದರೂ ಬಾರದ ಫೋಟಾನ್‌ಗಳನ್ನು ಎಣಿಸಲಾರದು.

ಫೋನ್ ಮಾಡುವುದು ಏನೆಂದರೆ, ರಾತ್ರಿ ಮೋಡ್‌ನಲ್ಲಿ ಒಂದರ ಹಿಂದೆ ಒಂದು ಹಲವು ಫ್ರೇಮ್ ತೆಗೆದು, ಹೊಂದಿಸಿ, ಒಂದೇ ಚಿತ್ರವಾಗಿ ಸೇರಿಸುತ್ತದೆ. ಒಟ್ಟು ಬೆಳಕು ಜಾಸ್ತಿ, ಹಾಗಾಗಿ ಏರಿಳಿತ ಕಡಿಮೆ. ನಿಂತಲ್ಲೇ ನಿಂತಿರುವ ದೃಶ್ಯವಾದರೆ ಹಳೆಯ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಐಎಸ್‌ಒ (ಬೆಳಕಿನ ಸೂಕ್ಷ್ಮತೆಯ ಸೆಟ್ಟಿಂಗ್) 200ಕ್ಕೆ ಇಳಿಸಿ, ಶಟರನ್ನು ನಾಲ್ಕೈದು ಸೆಕೆಂಡ್ ತೆರೆದಿಡಿ. ನಿಮ್ಮ ಸೆನ್ಸರ್ ಫೋನಿನದಕ್ಕಿಂತ ಎಷ್ಟು ದೊಡ್ಡದು ಅಂತ ಆಗ ಗೊತ್ತಾಗುತ್ತದೆ.

ದೃಶ್ಯದಲ್ಲಿ ಜನ ಓಡಾಡುತ್ತಿದ್ದರೆ? ಆಗ ಲೆನ್ಸ್ ನೋಡಿ. ಕ್ಯಾಮೆರಾದ ಜೊತೆಗೇ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ ಝೂಮ್ ಮಾಡಿದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/5.6. ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಝೂಮ್ ಇಲ್ಲದ ಸಾಮಾನ್ಯ 50 ಮಿ.ಮೀ. ಪ್ರೈಮ್ ಲೆನ್ಸಿನದು ಎಫ್/1.8. ಈ ಎರಡರ ನಡುವೆ ಬೆಳಕಿನ ವ್ಯತ್ಯಾಸ ಹತ್ತಿರ ಹತ್ತಿರ ಹತ್ತು ಪಟ್ಟು. ಐಎಸ್‌ಒ 6400 ಬೇಕಿದ್ದ ಕಡೆ 640 ಸಾಕಾಗುತ್ತದೆ. ಅದೇ ಅಳತೆಯ ಹೊಸ ಸೆನ್ಸರಿಗೆ ಹೋದರೆ ಇಷ್ಟು ದೊಡ್ಡ ಲಾಭ ಸಿಗುವುದಿಲ್ಲ. ಹಣ ಖರ್ಚು ಮಾಡಲೇಬೇಕು ಅಂತಿದ್ದರೆ ನನ್ನ ಸಲಹೆ ಯಾವಾಗಲೂ ಇದೇ: ಮೊದಲು ಒಂದು ಪ್ರೈಮ್ ಲೆನ್ಸ್, ಆಮೇಲೆ ಉಳಿದದ್ದು.

ಇನ್ನೊಂದು ವಿಷಯ ನನಗೆ ಬಹಳ ಖುಷಿ ಕೊಟ್ಟಿದೆ. ಹಳೆಯ ಕ್ಯಾಮೆರಾಗಳ ಫೈಲುಗಳು ವರ್ಷ ಕಳೆದಂತೆ ಉತ್ತಮವಾಗುತ್ತಿವೆ. ಕ್ಯಾಮೆರಾ ತಾನೇ ತಯಾರಿಸಿ ಕೊಡುವ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳಷ್ಟೇ. 14 ಬಿಟ್‌ನ ರಾ ಫೈಲಿನಲ್ಲಿ 16,384. ಸೆನ್ಸರ್ ಅಳೆದದ್ದೆಲ್ಲ ಅದರಲ್ಲಿ ಹಾಗೇ ಕೂತಿರುತ್ತದೆ. ಅಡೋಬ್ ಕಂಪನಿ 2023ರಲ್ಲಿ ತನ್ನ ಫೋಟೊ ತಿದ್ದುವ ಸಾಫ್ಟ್‌ವೇರ್ ಆದ ಲೈಟ್‌ರೂಮ್‌ಗೆ ಸೇರಿಸಿದ ಡಿನಾಯ್ಸ್ ಎಂಬ ನಾಯ್ಸ್ ತೆಗೆಯುವ ಸೌಲಭ್ಯದಲ್ಲಿ ಹದಿನೈದು ವರ್ಷ ಹಳೆಯ ರಾ ಫೈಲುಗಳನ್ನು ಮತ್ತೆ ಹಾಯಿಸಿ ನೋಡಿದ್ದೇನೆ. ಐಎಸ್‌ಒ 3200ರ, ಹಿಂದೆ ಕೈಬಿಟ್ಟಿದ್ದ ಚಿತ್ರಗಳು ಪ್ರಿಂಟ್ ಹಾಕಿಸುವ ಮಟ್ಟಕ್ಕೆ ಬಂದವು. ಆದ್ದರಿಂದ ನೀವು ಈಗಲೂ ಬರೀ ಜೆಪೆಗ್ ತೆಗೆಯುತ್ತಿದ್ದರೆ ಇವತ್ತೇ ಮೆನು ತೆರೆದು ರಾ ಆರಿಸಿಕೊಳ್ಳಿ.

ಒಂದೇ ಕ್ಯಾಮೆರಾ ಜೊತೆ ವರ್ಷಗಟ್ಟಲೆ ಇದ್ದಾಗ ಬರುವ ಪರಿಚಯಕ್ಕೆ ನಾನು ದೊಡ್ಡ ಬೆಲೆ ಕೊಡುತ್ತೇನೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಮಟ್ಟದ ಬೂದು ಅಂತಲೇ ಲೆಕ್ಕ ಹಾಕುತ್ತದೆ. ಬಿಳಿ ಬಟ್ಟೆ, ಬಿಳಿ ಗೋಡೆ ತುಂಬಿದ ಫ್ರೇಮ್ ಕಂಡರೆ ಕತ್ತಲು ಮಾಡುತ್ತದೆ, ಕಪ್ಪು ಹಿನ್ನೆಲೆ ಕಂಡರೆ ಮುಖವನ್ನು ಬೆಳ್ಳಗೆ ಮಾಡುತ್ತದೆ. ಎಕ್ಸ್‌ಪೋಷರನ್ನು ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಅನ್ನುವುದು ಪುಸ್ತಕದಿಂದ ಅರ್ಧ ಬರುತ್ತದೆ, ಉಳಿದರ್ಧ ಅದೇ ಕ್ಯಾಮೆರಾದಲ್ಲಿ ಮತ್ತೆ ಮತ್ತೆ ತೆಗೆದು ಬರುತ್ತದೆ. ನನ್ನದರಲ್ಲಿ ನೆರಳನ್ನು ಎಷ್ಟು ಎತ್ತಿದರೆ ಬಣ್ಣ ಹಾಳಾಗುತ್ತದೆ, ಮಂದ ಬೆಳಕಿನಲ್ಲಿ ಯಾವ ಫೋಕಸ್ ಪಾಯಿಂಟ್ ನಂಬಬಹುದು, ಇದೆಲ್ಲ ಯೋಚಿಸದೆ ಕೈಗೆ ಬರುತ್ತದೆ. ಎದುರಿಗಿರುವ ವ್ಯಕ್ತಿಯ ಮುಖದಲ್ಲಿ ಒಂದು ಭಾವ ಬಂದು ಹೋಗುವಷ್ಟರಲ್ಲಿ ಮೆನು ಹುಡುಕುವ ಪ್ರಸಂಗ ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬಾಡಿ ಬದಲಿಸುವವರು ಈ ಕಲಿಕೆಯನ್ನು ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಇತ್ತೀಚೆಗೆ ಇದರ ಉಲ್ಟಾ ಹುಡುಕಾಟವೂ ಶುರುವಾಗಿದೆ. ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರಿನ ಕ್ಯಾಮೆರಾಗಳಲ್ಲಿ ಬಣ್ಣವೇ ಬೇರೆ ಅಂತ ಹೇಳಿ ಅವನ್ನು ಒಂದಾದ ಮೇಲೊಂದು ಕೊಳ್ಳುವವರಿದ್ದಾರೆ. ಬಣ್ಣವನ್ನು ಹೆಚ್ಚಾಗಿ ತೀರ್ಮಾನಿಸುವುದು ಸೆನ್ಸರಿನ ಮೇಲಿನ ಬಣ್ಣದ ಫಿಲ್ಟರ್, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಸರಿಹೊಂದಿಸುವ ಸೆಟ್ಟಿಂಗ್) ಮತ್ತು ಫೈಲನ್ನು ಚಿತ್ರವಾಗಿಸುವ ಸಾಫ್ಟ್‌ವೇರ್. ಮನೆಯಲ್ಲಿರುವ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಆಟೊದಿಂದ ತೆಗೆದು ಒಂದು ವಾರ ಬಳಸಿ ನೋಡಿ, ಎಷ್ಟು ಬದಲಾಗುತ್ತದೆ ಅಂತ.

ಹಳೆಯದನ್ನು ಇಟ್ಟುಕೊಳ್ಳುವವರು ಒಂದಿಷ್ಟು ಆರೈಕೆ ಮಾಡಬೇಕು. ಶಟರಿಗೆ ಆಯಸ್ಸು ಇದೆ. ಡಿ700ರಂಥ ಬಾಡಿಗಳಲ್ಲಿ ಅದನ್ನು ಒಂದೂವರೆ ಲಕ್ಷ ಸಲದವರೆಗೆ ಪರೀಕ್ಷಿಸಿರುತ್ತಾರೆ. ಅದು ದಾಟಿದ ತಕ್ಷಣ ನಿಂತುಹೋಗುವುದಿಲ್ಲ, ಆದರೆ ಎಣಿಕೆ ಎಷ್ಟಾಗಿದೆ ಅಂತ ಗೊತ್ತಿರಲಿ. ಕಾರ್ಡಿನ ವಿಷಯದಲ್ಲಿ ತುಂಬ ಜನ ಗಾಬರಿಯಾಗುತ್ತಾರೆ: ಹೊಸ 64 ಜಿಬಿ ಕಾರ್ಡ್ ಹಾಕಿದರೆ ಹಳೆಯ ಕ್ಯಾಮೆರಾ ಓದುವುದೇ ಇಲ್ಲ. ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. ಅದು ಎಸ್‌ಡಿಎಚ್‌ಸಿ (ಎಸ್‌ಡಿ ಕಾರ್ಡಿನ ಒಂದು ಹಳೆಯ ಬಗೆ) ಕಾಲದ ಕ್ಯಾಮೆರಾ ಆಗಿದ್ದರೆ ಮಿತಿ 32 ಜಿಬಿ. ಇನ್ನೂ ಹಳೆಯದಾದರೆ 2 ಜಿಬಿ. ಸೆನ್ಸರ್ ಮೇಲೆ ಧೂಳು ಕೂತಿದೆಯೇ ಅಂತ ನೋಡಲು ಎಫ್/16ರಲ್ಲಿ ಖಾಲಿ ಆಕಾಶದ ಫೋಟೊ ತೆಗೆಯಿರಿ, ಕಪ್ಪು ಚುಕ್ಕೆಗಳು ಕಾಣುತ್ತವೆ. ಲೆನ್ಸ್‌ಗಳನ್ನು ಮುಚ್ಚಿದ ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಬಿಡಬೇಡಿ, ತೇವಕ್ಕೆ ಫಂಗಸ್ ಹಿಡಿಯುತ್ತದೆ. ಬ್ಯಾಟರಿ ಊದಿಕೊಂಡಿದ್ದರೆ ಮುಲಾಜಿಲ್ಲದೆ ಬಳಸುವುದನ್ನು ನಿಲ್ಲಿಸಿ.

ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಹಾರುವ ಹಕ್ಕಿಯ ಕಣ್ಣನ್ನು ಗುರುತಿಸಿ ಹಿಂಬಾಲಿಸುವ ಕೆಲಸವನ್ನು ಈಗಿನ, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಮಾಡುವಂತೆ 2008ರ ಕ್ಯಾಮೆರಾ ಮಾಡಲಾರದು. ಶಬ್ದವೇ ಬರಬಾರದ ಕಡೆ ಹಳೆಯ ಡಿಎಸ್‌ಎಲ್‌ಆರ್‌ನ ಕನ್ನಡಿ ಸದ್ದು ಮಾಡುತ್ತದೆ. ಡಿ700ರಲ್ಲಿ ವಿಡಿಯೊ ಇಲ್ಲವೇ ಇಲ್ಲ, ಕಾರ್ಡ್ ಸ್ಲಾಟ್ ಕೂಡ ಒಂದೇ. ಮದುವೆಯಂಥ, ಮತ್ತೆ ತೆಗೆಯಲಾಗದ ಕೆಲಸಕ್ಕೆ ನಾನು ಅದನ್ನು ಮುಖ್ಯ ಕ್ಯಾಮೆರಾ ಆಗಿ ಒಯ್ಯುವುದಿಲ್ಲ. ಅಲ್ಲಿ ಒಂದೇ ಹೊತ್ತಿಗೆ ಎರಡು ಕಾರ್ಡಿಗೆ ಬರೆಯುವ ಬಾಡಿ ಬೇಕು, ಒಂದು ಕಾರ್ಡ್ ಕೈಕೊಟ್ಟರೆ ಇನ್ನೊಂದರಲ್ಲಿ ಚಿತ್ರ ಉಳಿದಿರುತ್ತದೆ. ನಿಮ್ಮ ಇಪ್ಪತ್ತು ಕೆಟ್ಟ ಫೋಟೊಗಳ ಪಟ್ಟಿಯಲ್ಲಿ ಇಂಥ ಕಾರಣಗಳೇ ಮತ್ತೆ ಮತ್ತೆ ಬರುತ್ತಿದ್ದರೆ ಯೋಚಿಸದೆ ಹೊಸದು ತಗೊಳ್ಳಿ, ಆ ಹಣ ವ್ಯರ್ಥವಾಗುವುದಿಲ್ಲ.

ಹಾಗೆ ಬದಲಿಸುವಾಗಲೂ ಲೆನ್ಸ್‌ಗಳನ್ನು ಅವಸರದಲ್ಲಿ ಮಾರಬೇಡಿ. ನಿಕಾನ್‌ನ ಎಫ್ ಮೌಂಟ್ (ಲೆನ್ಸನ್ನು ಬಾಡಿಗೆ ಕೂರಿಸುವ ಜೋಡಣೆ) 1959ರಿಂದ, ಕ್ಯಾನನ್‌ನ ಇಎಫ್ ಮೌಂಟ್ 1987ರಿಂದ ಇದೆ, ಎರಡಕ್ಕೂ ಆಯಾ ಕಂಪನಿಯ ಮಿರರ್‌ಲೆಸ್ ಬಾಡಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಇಎಫ್ ಲೆನ್ಸ್‌ಗಳೊಳಗೇ ಮೋಟರ್ ಇರುವುದರಿಂದ ಆಟೊಫೋಕಸ್ ಹಾಗೇ ಸಿಗುತ್ತದೆ. ನಿಕಾನ್‌ನಲ್ಲಿ ಮಾತ್ರ ಒಳಗೆ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳು ಕಂಪನಿಯ ಎಫ್‌ಟಿಝಡ್ ಅಡಾಪ್ಟರ್ ಮೇಲೆ ತಾವಾಗಿ ಫೋಕಸ್ ಆಗುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. ಅಂಥ ಲೆನ್ಸ್‌ಗಳೇ ನಿಮ್ಮಲ್ಲಿ ಜಾಸ್ತಿ ಇದ್ದರೆ ಹಳೆಯ ಬಾಡಿಯನ್ನೂ ಅವುಗಳ ಜೊತೆಗೇ ಇಟ್ಟುಕೊಳ್ಳಿ.