ಪೋರ್ಟಿಂಗ್: ಯಂತ್ರ ಬದಲಾದಾಗ ಲೆಕ್ಕಕ್ಕೆ ಏನಾಗುತ್ತದೆ?

ಕಂಪ್ಯೂಟರ್ ಬಳಸುವವರ ಮಾತಿನಲ್ಲಿ ‘ಪೋರ್ಟ್’ ಎಂಬ ಪದಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ಕೇಬಲ್ ಸಿಕ್ಕಿಸುವ ಕಿಂಡಿಯೂ ಪೋರ್ಟ್, ಜಾಲದಲ್ಲಿ ಒಂದು ಸೇವೆಯನ್ನು ಗುರುತಿಸುವ ಸಂಖ್ಯೆಯೂ ಪೋರ್ಟ್. ಮೂರನೆಯದು ಕ್ರಿಯಾಪದ: ಒಂದು ಬಗೆಯ ಯಂತ್ರ ಮತ್ತು ಆಪರೇಟಿಂಗ್ ಸಿಸ್ಟಂಗಾಗಿ ಬರೆದ ತಂತ್ರಾಂಶವನ್ನು ಇನ್ನೊಂದರ ಮೇಲೂ ನಡೆಯುವಂತೆ ಮಾಡುವುದು. ಇಲ್ಲಿ ನೋಡುತ್ತಿರುವುದು ಈ ಮೂರನೆಯ ಅರ್ಥವನ್ನು. ಹೊತ್ತೊಯ್ಯುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ‘ಪೋರ್ಟಬಲ್’ ಪದಕ್ಕೆ ಇದು ಹತ್ತಿರದ ನಂಟು. ಕನ್ನಡದಲ್ಲಿ ‘ವರ್ಗಾವಣೆ’ ಎಂದರೆ ಕಡತವನ್ನು ನಕಲು ಮಾಡಿದಷ್ಟೇ ಸುಲಭವೆಂಬ ಭಾವನೆ ಬರುತ್ತದೆ. ‘ಒಗ್ಗಿಸುವಿಕೆ’ ಎಂಬುದು ಕೆಲಸದ ಸ್ವರೂಪಕ್ಕೆ ಹೆಚ್ಚು ನಿಷ್ಠವಾದ ಪದ ಎಂದು ನನ್ನ ಅನಿಸಿಕೆ. ಆದರೆ ಈ ಕೆಲಸದಲ್ಲಿರುವವರು ‘ಪೋರ್ಟ್ ಮಾಡುವುದು’ ಎಂದೇ ಹೇಳುವುದರಿಂದ ಇಲ್ಲಿಯೂ ಅದನ್ನೇ ಉಳಿಸಿಕೊಂಡಿದ್ದೇನೆ.

ಈ ಪದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನೊಂದಿಗೆ ಬೆಸೆದುಕೊಂಡಿರುವುದಕ್ಕೆ ಕಾರಣವಿದೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್, ಮೊದಲು ಪಿಡಿಪಿ-7 ಯಂತ್ರದ, ಆ ಯಂತ್ರಕ್ಕಷ್ಟೇ ಹೊಂದುವ ಅಸೆಂಬ್ಲಿ ಭಾಷೆಯಲ್ಲಿತ್ತು. 1973ರಲ್ಲಿ ಅದರ ತಿರುಳನ್ನು ಸಿ ಭಾಷೆಯಲ್ಲಿ ಮತ್ತೆ ಬರೆದ ಮೇಲೆ, ಇಡೀ ಆಪರೇಟಿಂಗ್ ಸಿಸ್ಟಂ ಅನ್ನೇ ಬೇರೆ ಯಂತ್ರಕ್ಕೆ ಒಯ್ಯಬಹುದೆಂಬ ಯೋಚನೆ ಹುಟ್ಟಿತು. ರಿಚಿ ಮತ್ತು ಸ್ಟೀಫನ್ ಜಾನ್ಸನ್ 1977-78ರ ಸುಮಾರಿಗೆ ಅದನ್ನು ಇಂಟರ್‌ಡೇಟಾ 8/32 ಯಂತ್ರಕ್ಕೆ ಪೋರ್ಟ್ ಮಾಡಿ ತೋರಿಸಿದರು. ಆ ದಿನಗಳಿಂದ ಉಳಿದುಬಂದ ಒಂದು ತಮಾಷೆಯ ಹೆಸರು ‘ನುಕ್ಸಿ ಸಮಸ್ಯೆ’. ಒಂದೊಂದು ಅಕ್ಷರ ಹಿಡಿಯುವ ಎರಡು ಬೈಟ್‌ಗಳನ್ನು ಸ್ಮೃತಿಯಲ್ಲಿ ಜೋಡಿಯಾಗಿ ಇಡುವಾಗ ಯಾವ ಬೈಟ್ ಮೊದಲು ಬರಬೇಕು ಎಂಬುದರಲ್ಲಿ ಯಂತ್ರಗಳಿಗೆ ಒಮ್ಮತವಿಲ್ಲ. ಹೀಗಾಗಿ ಯು-ಎನ್-ಐ-ಎಕ್ಸ್ ಎಂದು ಬರೆದಿಟ್ಟ ನಾಲ್ಕು ಅಕ್ಷರಗಳನ್ನು ಇನ್ನೊಂದು ಯಂತ್ರ ಎನ್-ಯು-ಎಕ್ಸ್-ಐ ಎಂದು ಓದಿಬಿಡಬಹುದು. ಅಕ್ಷರ ಅದಲುಬದಲಾದರೆ ಕಣ್ಣಿಗೆ ಬೀಳುತ್ತದೆ. ದತ್ತಾಂಶದ ಕಡತದಲ್ಲಿ ಸಂಖ್ಯೆಗಳೇ ಹೀಗಾದರೆ ಕೆಲವೊಮ್ಮೆ ಅಸಂಬದ್ಧ ಮೊತ್ತಗಳು ಕಾಣಿಸುತ್ತವೆ, ಕೆಲವೊಮ್ಮೆ ನಂಬಬಹುದಾದ ತಪ್ಪು ಮೊತ್ತಗಳೇ ಬರುತ್ತವೆ.

ಎಂಜಿನಿಯರಿಂಗ್ ತಂತ್ರಾಂಶದಲ್ಲಿ ಪೋರ್ಟಿಂಗ್ ಕಠಿಣವಾಗುವುದು ಇಲ್ಲಿಯೇ. ಪಠ್ಯ ಸಂಪಾದಕವೊಂದು ಹೊಸ ಯಂತ್ರದಲ್ಲಿ ತೆರೆದುಕೊಂಡು ಅಕ್ಷರಗಳನ್ನು ಸರಿಯಾಗಿ ತೋರಿಸಿದರೆ ಕೆಲಸ ಬಹುಮಟ್ಟಿಗೆ ಮುಗಿದಂತೆ. ರಚನೆಗಳ ಬಲವನ್ನೋ ವಿದ್ಯುತ್ ಮಂಡಲಗಳ ವರ್ತನೆಯನ್ನೋ ಲೆಕ್ಕಹಾಕುವ ತಂತ್ರಾಂಶ ಕಂಪೈಲ್ ಆಗಿ (ಯಂತ್ರದ ಭಾಷೆಗೆ ಅನುವಾದಗೊಂಡು), ಓಡಿ, ಅಚ್ಚುಕಟ್ಟಾದ ಕೋಷ್ಟಕ ಕೊಟ್ಟರೂ ಅದು ಸರಿಯಾಗಿದೆ ಎಂದು ಹೇಳಲು ಬರುವುದಿಲ್ಲ. ರಚನೆಗಳ ಲೆಕ್ಕಕ್ಕೆಂದು ನಾಸಾಕ್ಕಾಗಿ 1960ರ ದಶಕದಲ್ಲಿ ರೂಪುಗೊಂಡ ನಾಸ್ಟ್ರಾನ್ ಆಗಲಿ, ವಿದ್ಯುತ್ ಮಂಡಲಗಳಿಗೆಂದು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಪೈಸ್ ಆಗಲಿ, ಮೊದಲು ಫೋರ್ಟ್ರಾನ್ ಭಾಷೆಯಲ್ಲಿ, ಯುನಿಕ್ಸ್ ಕಾರ್ಯಸ್ಥಾನಗಳು (ವರ್ಕ್‌ಸ್ಟೇಷನ್‌ಗಳು) ಬರುವುದಕ್ಕೆ ಮುಂಚಿನ ದೊಡ್ಡ ಯಂತ್ರಗಳ ಕಾಲದಲ್ಲಿ ಬರೆದಂಥವು. ಅಂತಹ ಕೋಡ್‌ನ ಸಾಲುಸಾಲಿನಲ್ಲೂ ಅಂದಿನ ಯಂತ್ರಗಳ ಬಗ್ಗೆ, ಯಾರೂ ಬರೆದಿಡದ ನಂಬಿಕೆಗಳು ಅಡಗಿರುತ್ತವೆ.

ಒಂದು ಸಣ್ಣ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಗೋಡೆಗೆ ಒಂದು ಮೆತ್ತನೆಯ ಸ್ಪ್ರಿಂಗ್, ಅದರ ತುದಿಗೆ ಒಂದು ಬಹಳ ಬಿಗಿಯಾದ ಸ್ಪ್ರಿಂಗ್ ಜೋಡಿಸಿದೆ ಎಂದುಕೊಳ್ಳಿ. ಮೊದಲನೆಯದರ ಬಿಗಿತ 1, ಎರಡನೆಯದರದು 10,00,00,000. ಬಿಗಿತಗಳನ್ನು ಜೋಡಿಸಿಟ್ಟ ಸಂಖ್ಯೆಗಳ ಕೋಷ್ಟಕದಲ್ಲಿ (ಮ್ಯಾಟ್ರಿಕ್ಸ್), ಇವೆರಡೂ ಸೇರುವ ಬಿಂದುವಿಗೆ ಸಂಬಂಧಿಸಿದ ಸ್ಥಾನದಲ್ಲಿ ಎರಡರ ಮೊತ್ತವಾದ 10,00,00,001 ಇರಬೇಕು. ಸಿಡಿಸಿ 6600ರಂತಹ 60 ಬಿಟ್‌ಗಳ ಯಂತ್ರದಲ್ಲಿ ಸಾಮಾನ್ಯ ದಶಮಾಂಶ ಸಂಖ್ಯೆಗೆ ಸುಮಾರು 14 ಅಂಕಿಗಳ ನಿಖರತೆ ಸಿಗುತ್ತಿದ್ದುದರಿಂದ ಆ ಕೊನೆಯ 1 ಸುರಕ್ಷಿತವಾಗಿರುತ್ತಿತ್ತು. ಅದೇ ಕೋಡನ್ನು ಒಂದಕ್ಷರವೂ ಬದಲಿಸದೆ 32 ಬಿಟ್‌ಗಳ ಯುನಿಕ್ಸ್ ಯಂತ್ರದಲ್ಲಿ ಕಂಪೈಲ್ ಮಾಡಿದರೆ ‘ರಿಯಲ್’ (ದಶಮಾಂಶ ಸಂಖ್ಯೆ) ಎಂದು ಘೋಷಿಸಿದ ಚರಕ್ಕೆ ಸಿಗುವುದು ಸುಮಾರು 7 ಅಂಕಿಗಳು ಮಾತ್ರ. ಮೊತ್ತ 10,00,00,000 ಎಂದೇ ಉಳಿಯುತ್ತದೆ, ಮೆತ್ತನೆಯ ಸ್ಪ್ರಿಂಗ್ ಲೆಕ್ಕದಿಂದಲೇ ಮಾಯವಾಗುತ್ತದೆ. ಗೋಡೆಗೆ ಇದ್ದ ಏಕೈಕ ಕೊಂಡಿ ಅದೇ ಆದ್ದರಿಂದ, ಕಂಪ್ಯೂಟರಿನ ಪಾಲಿಗೆ ಈ ರಚನೆ ಯಾವುದಕ್ಕೂ ಅಂಟಿಕೊಳ್ಳದೆ ಗಾಳಿಯಲ್ಲಿ ತೇಲುತ್ತಿರುತ್ತದೆ, ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ ಸೊನ್ನೆಯಾಗಿ ಉತ್ತರವೇ ಸಿಗದಂತಾಗುತ್ತದೆ. ಪರಿಹಾರವೇನೋ ಸರಳ, ಚರಕ್ಕೆ ಇಮ್ಮಡಿ ಜಾಗ ಕೊಡುವ ‘ಡಬಲ್ ಪ್ರಿಸಿಷನ್’ ಎಂದು ಘೋಷಿಸಬೇಕು. ಆದರೆ ಆ ಬದಲಾವಣೆಯನ್ನು ಸಾವಿರಾರು ಸಾಲುಗಳಲ್ಲಿ, ಎಲ್ಲ ಸ್ಥಿರಾಂಕಗಳಲ್ಲಿ, ಸಬ್‌ರೂಟೀನ್‌ಗಳಿಗೆ (ಪ್ರೋಗ್ರಾಂನ ಉಪಭಾಗಗಳಿಗೆ) ಕಳಿಸುವ ಎಲ್ಲ ಮೌಲ್ಯಗಳಲ್ಲಿ ಒಂದೂ ತಪ್ಪದಂತೆ ಮಾಡಬೇಕಾಗುತ್ತದೆ.

ಇನ್ನೊಂದು ಬಗೆಯ ನಂಬಿಕೆ ಸ್ಮೃತಿಗೆ ಸಂಬಂಧಿಸಿದ್ದು. ಹಳೆಯ ಅನೇಕ ಫೋರ್ಟ್ರಾನ್ ಕಂಪೈಲರ್‌ಗಳಲ್ಲಿ ಸಬ್‌ರೂಟೀನ್‌ನ ಒಳಗಿನ ಚರಗಳು ಮುಂದಿನ ಕರೆಯವರೆಗೂ ತಮ್ಮ ಮೌಲ್ಯವನ್ನು ಹಾಗೆಯೇ ಹಿಡಿದಿಟ್ಟುಕೊಳ್ಳುತ್ತಿದ್ದವು. ‘ಸೇವ್’ ಎಂದು ಬರೆದರೆ ಮಾತ್ರ ಹಾಗೆ ಉಳಿಯುವ ಖಾತರಿ ಎಂದು ಫೋರ್ಟ್ರಾನ್ 77ರ ನಿಯಮ ಹೇಳುತ್ತದೆ, ಆದರೆ ಬರೆಯದೆಯೂ ನಡೆಯುತ್ತಿದ್ದಾಗ ಬರೆಯುವ ತೊಂದರೆ ಯಾರು ತೆಗೆದುಕೊಂಡಾರು? ಹೊಸ ಕಂಪೈಲರ್ ಆ ಚರಗಳನ್ನು ಸ್ಟ್ಯಾಕ್‌ನಲ್ಲಿ, ಅಂದರೆ ಕರೆ ಮುಗಿದೊಡನೆ ಬೇರೆ ಕೆಲಸಕ್ಕೆ ಬಿಟ್ಟುಕೊಡುವ ಸ್ಮೃತಿಯಲ್ಲಿ, ಇಟ್ಟ ದಿನ, ಎಷ್ಟನೆಯ ಪುನರಾವರ್ತನೆ ಎಂದು ಎಣಿಸುತ್ತಿದ್ದ ಚರದಲ್ಲಿ ಕಸ ತುಂಬಿಕೊಳ್ಳುತ್ತದೆ. ಸಿ ಭಾಷೆಯಲ್ಲಿ ಇದಕ್ಕೆ ಸಂವಾದಿಯಾದದ್ದು, ಪಾಯಿಂಟರನ್ನು (ಸ್ಮೃತಿಯ ವಿಳಾಸವನ್ನು) ‘ಇಂಟ್’ ಎಂಬ ಪೂರ್ಣಾಂಕದ ಚರದಲ್ಲಿ ಬಚ್ಚಿಡುವ ಅಭ್ಯಾಸ. 64 ಬಿಟ್‌ಗಳ ಯುನಿಕ್ಸ್‌ನಲ್ಲಿ ಪಾಯಿಂಟರ್ ಮತ್ತು ‘ಲಾಂಗ್’ ಎಂಬ ಪೂರ್ಣಾಂಕ 64 ಬಿಟ್‌ಗಳಾಗಿ ಬೆಳೆದರೂ ‘ಇಂಟ್’ 32ರಲ್ಲೇ ಉಳಿಯಿತು. ವಿಳಾಸ ಚಿಕ್ಕದಾಗಿರುವವರೆಗೆ ಎಲ್ಲವೂ ಸುಸೂತ್ರ. ದೊಡ್ಡ ಮಾದರಿಯೊಂದನ್ನು ಕೊಟ್ಟಾಗಲೇ ವಿಳಾಸದ ಅರ್ಧ ಕತ್ತರಿಸಿಹೋಗಿ ಪ್ರೋಗ್ರಾಂ ಕುಸಿಯುತ್ತದೆ.

ಯುನಿಕ್ಸ್ ಎಂಬ ಒಂದೇ ಹೆಸರಿನಡಿ ಸೋಲಾರಿಸ್, ಎಐಎಕ್ಸ್, ಎಚ್‌ಪಿ-ಯುಎಕ್ಸ್, ಐರಿಕ್ಸ್ ಎಂದು ಹಲವು ಮನೆತನಗಳಿದ್ದುದೂ ಕೆಲಸವನ್ನು ಹೆಚ್ಚಿಸಿತು. 1988ರ ಪೋಸಿಕ್ಸ್ ಮಾನಕ ಆಪರೇಟಿಂಗ್ ಸಿಸ್ಟಂನ ಕರೆಗಳನ್ನು ಬಹುಮಟ್ಟಿಗೆ ಒಂದು ಹಳಿಗೆ ತಂದಿತು. ಆದರೂ ಸಿ ಮತ್ತು ಫೋರ್ಟ್ರಾನ್ ಭಾಗಗಳನ್ನು ಬೆಸೆಯುವಾಗ ಫೋರ್ಟ್ರಾನ್ ಸಬ್‌ರೂಟೀನ್‌ನ ಹೆಸರಿನ ಕೊನೆಗೆ ಒಂದು ಕಂಪೈಲರ್ ಅಡಿಗೆರೆ ಸೇರಿಸುತ್ತದೆ, ಇನ್ನೊಂದು ಸೇರಿಸುವುದಿಲ್ಲ ಎಂಬಂಥ ಚಿಲ್ಲರೆ ಭಿನ್ನತೆಗಳು ಉಳಿದೇ ಇದ್ದವು. ಇವು ಹಾಗೆ ಬೆಸೆಯುವಾಗಲೇ (ಲಿಂಕ್ ಮಾಡುವಾಗಲೇ) ಸಿಕ್ಕಿಬೀಳುವುದರಿಂದ ನಿರುಪದ್ರವಿಗಳು. ಯಂತ್ರಾವಲಂಬಿ ಭಾಗಗಳನ್ನೆಲ್ಲ ಒಂದೇ ಪದರದಲ್ಲಿ ಬೇರ್ಪಡಿಸಿಟ್ಟ ತಂತ್ರಾಂಶಕ್ಕೆ ಮೊದಲ ಪೋರ್ಟ್ ಎಷ್ಟೇ ದುಬಾರಿಯಾದರೂ ಮೂರನೆಯದು, ನಾಲ್ಕನೆಯದು ಬೇಗ ಮುಗಿಯುತ್ತವೆ.

ಕೊನೆಯದು ತಾಳೆ ನೋಡುವ ಕೆಲಸ. ಹಳೆಯ ಮತ್ತು ಹೊಸ ಯಂತ್ರಗಳ ಫಲಿತಾಂಶ ಅಂಕಿಗೆ ಅಂಕಿ ಹೊಂದಬೇಕೆಂದು ನಿರೀಕ್ಷಿಸುವುದು ತಪ್ಪು. ದಶಮಾಂಶ ಸಂಖ್ಯೆಗಳ ಲೆಕ್ಕಕ್ಕೆಂದು ಬಂದ 1985ರ ಐಇಇಇ 754 ಮಾನಕವನ್ನು ಪಾಲಿಸುವ ಯಂತ್ರಗಳಲ್ಲಿಯೂ, ಗುಣಾಕಾರ ಮತ್ತು ಸಂಕಲನವನ್ನು ಒಟ್ಟಿಗೆ ಮಾಡಿ ಒಮ್ಮೆ ಮಾತ್ರ ಅಂಕಿ ಸವರಿಸುವ (ರೌಂಡ್ ಮಾಡುವ) ಯಂತ್ರದ ಉತ್ತರ, ಎರಡು ಬಾರಿ ಸವರಿಸುವ ಯಂತ್ರದ ಉತ್ತರಕ್ಕಿಂತ ಕೊನೆಯ ಅಂಕಿಗಳಲ್ಲಿ ಬೇರೆಯಾಗಬಹುದು. ಎಷ್ಟು ವ್ಯತ್ಯಾಸ ಸಹ್ಯ ಎಂಬುದನ್ನು ಆ ಸಮಸ್ಯೆಯ ಸ್ವಭಾವ ಬಲ್ಲ ಎಂಜಿನಿಯರ್ ನಿರ್ಧರಿಸಬೇಕು, ಎರಡು ಕಡತಗಳನ್ನು ಹೋಲಿಸುವ ಸಾಧನಕ್ಕೆ ಅದು ತಿಳಿಯದು. ಆ ಮಿತಿಯನ್ನೂ ಮೀರಿದ ವ್ಯತ್ಯಾಸ ಕಂಡಾಗ ಎಲ್ಲರೂ ಮೊದಲು ಅನುಮಾನಿಸುವುದು ಹೊಸ ಯಂತ್ರವನ್ನೇ. ಹುಡುಕುತ್ತ ಹೋದರೆ, ಆರಂಭಿಕ ಮೌಲ್ಯವನ್ನೇ ಕೊಡದ ಒಂದು ಚರವನ್ನು ಹಳೆಯ ಯಂತ್ರ ಸೊನ್ನೆಯೆಂದು ಭಾವಿಸಿ ವರ್ಷಗಟ್ಟಲೆ ತಪ್ಪು ಉತ್ತರ ಕೊಡುತ್ತಿದ್ದುದು ಬಯಲಾಗುವುದೂ ಉಂಟು. ಆಗ ಹಳೆಯ ಲೆಕ್ಕಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕಾಗುತ್ತದೆ, ಪೋರ್ಟಿಂಗ್‌ಗೆಂದು ಮೀಸಲಿಟ್ಟ ಅವಧಿಯಲ್ಲಿ ಅದಕ್ಕೆ ಯಾರೂ ಜಾಗ ಬಿಟ್ಟಿರುವುದಿಲ್ಲ.